ತಡವಾಗಿ ಬಂದ ವಿದ್ಯಾರ್ಥಿ

ವಿದ್ಯೆಗಾಗಿ ದೇಶಾಂತರಕ್ಕೆ ಹೋಗಬೇಕೆಂಬ ಆಸೆ ಹುಟ್ಟುವುದು ಮನೆಯ ಪಡಸಾಲೆಯಲ್ಲಿ. ಅರ್ಜಿಯ ಅವಧಿ ಮುಗಿಯುವುದು ಕಡಲಾಚೆಯ ಯಾವುದೋ ಕಚೇರಿಯಲ್ಲಿ. ಇವೆರಡಕ್ಕೂ ಹೊಂದಿಕೆಯಾಗುವುದು ಅಪೂರ್ವ. ಮಗನೋ ಮಗಳೋ ಪರೀಕ್ಷೆಯಲ್ಲಿ ಉತ್ತಮವಾಗಿ ತೇರ್ಗಡೆಯಾದ ಮೇಲೆ ಬಂಧುಗಳು ಕೂಡಿ ಆಲೋಚಿಸಿ, ಹಣಕ್ಕೆ ದಾರಿ ಹುಡುಕಿ, ಹಿರಿಯರ ಒಪ್ಪಿಗೆ ಪಡೆದು, ಇನ್ನು ಬರೆಯಬಹುದೆಂದು ನಿಶ್ಚಯಿಸುವ ಹೊತ್ತಿಗೆ ಆ ವಿದ್ಯಾಪೀಠದ ಬಾಗಿಲು ಮುಚ್ಚಿ ಎಂಟು ತಿಂಗಳು ಕಳೆದಿರುತ್ತವೆ. ಆಗ ಆ ಮನೆಯಲ್ಲಿ ಕೇಳಿಬರುವ ಮಾತು ಒಂದೇ: ತಡವಾಯಿತು. ಆದರೆ ಈ ಒಂದು ಮಾತಿನಲ್ಲಿ ಎರಡು ಅರ್ಥಗಳು ಅಡಗಿರುವುವು. ದಿನ ಮೀರಿದುದು ಒಂದು. ಸಿದ್ಧತೆ ಸಾಲದುದು ಮತ್ತೊಂದು. ಮೊದಲನೆಯದಕ್ಕೆ ಆ ವರ್ಷದ ಮಟ್ಟಿಗೆ ಮದ್ದಿಲ್ಲ, ಎರಡನೆಯದಕ್ಕೆ ಉಂಟು. ಇವೆರಡನ್ನೂ ಒಂದೆಂದು ಬಗೆದು ಗಾಬರಿಗೊಂಡವರು ಹಣವನ್ನೂ ಮಾನವನ್ನೂ ಒಟ್ಟಿಗೆ ಕಳೆದುಕೊಳ್ಳುವುದುಂಟು.

ಈ ಸಂಕಟ ಇಂದಿನದಲ್ಲ. ಪರದೇಶದ ವಿದ್ಯಾರ್ಥಿಗಳು ಪ್ರಾಣವನ್ನು ಪಣವಾಗಿಟ್ಟು ಹುಡುಕಿಕೊಂಡು ಬರುತ್ತಿದ್ದ ವಿದ್ಯಾಪೀಠವೊಂದು ಪೂರ್ವದಲ್ಲಿ ಈ ದೇಶದಲ್ಲಿಯೇ, ಮಗಧದ ನಾಲಂದೆಯಲ್ಲಿ ಇದ್ದಿತು. ಅಲ್ಲಿ ಹೊಸಬನನ್ನು ತಡೆದು ನಿಲ್ಲಿಸುತ್ತಿದ್ದುದು ಪಂಚಾಂಗವಲ್ಲ, ಪ್ರಶ್ನೆ. ಅನ್ಯದೇಶಗಳಿಂದ ವಾದಕ್ಕೂ ವ್ಯಾಸಂಗಕ್ಕೂ ಬಂದವರನ್ನು ದ್ವಾರಪಾಲಕನೇ ಕಠಿನವಾದ ಪ್ರಶ್ನೆಗಳಿಂದ ಪರೀಕ್ಷಿಸುತ್ತಿದ್ದನೆಂದೂ, ಹತ್ತು ಮಂದಿಯಲ್ಲಿ ಏಳೆಂಟು ಮಂದಿ ಸೋತು ಹಿಂದಿರುಗುತ್ತಿದ್ದರೆಂದೂ ಚೀನದ ಯಾತ್ರಿಕನಾದ ಹ್ಯುಯೆನ್‌ತ್ಸಾಂಗನು ಬರೆದಿಟ್ಟಿದ್ದಾನೆ. ಸಾವಿರಾರು ಹರದಾರಿ ನಡೆದು ಬಂದು, ಬಾಗಿಲಿನಲ್ಲಿಯೇ ಸೋತು, ಬಂದ ದಾರಿಯನ್ನು ಹಿಡಿದವರ ಹೆಸರುಗಳು ಯಾವ ಗ್ರಂಥದಲ್ಲಿಯೂ ಇಲ್ಲ. ಅವರ ಮನೆಗಳಲ್ಲಿಯೂ ತಾಯಂದಿರು ಕಾದಿದ್ದಿರಬೇಕು.

ಎರಡನೆಯ ಪುಲಕೇಶಿಯ ರಾಜ್ಯವನ್ನು ಕುರಿತು ಬರೆದವನೆಂದು ಕನ್ನಡಿಗರಿಗೆ ಪರಿಚಿತನಾದ ಈ ಹ್ಯುಯೆನ್‌ತ್ಸಾಂಗನೇ ತಡವಾಗಿ ಬಂದ ವಿದ್ಯಾರ್ಥಿಗಳಲ್ಲಿ ಅಗ್ರಗಣ್ಯನು. ಅವನು ಸ್ವದೇಶವನ್ನು ಬಿಟ್ಟುದು ಸುಮಾರು ಕ್ರಿ.ಶ. ೬೨೯ರಲ್ಲಿ, ನಾಲಂದೆಯನ್ನು ಸೇರಿದುದು ಸುಮಾರು ೬೩೭ರಲ್ಲಿ. ಆಗ ಅವನ ವಯಸ್ಸು ಮೂವತ್ತೈದರ ಆಸುಪಾಸು. ತಡವಾದುದು ಆಲಸ್ಯದಿಂದಲ್ಲ. ದೇಶವನ್ನು ಬಿಡಲು ಅವನೂ ಅವನ ಜೊತೆಗಾರರೂ ಅರಸನಿಗೆ ಬಿನ್ನವತ್ತಳೆಯನ್ನು ಸಲ್ಲಿಸಿದ್ದರು, ಅಪ್ಪಣೆ ದೊರೆಯಲಿಲ್ಲ. ಜೊತೆಗಾರರು ಸುಮ್ಮನಾದರು, ಅವನೊಬ್ಬನು ಹಗಲು ಅಡಗಿ ಇರುಳು ನಡೆದು ಗಡಿಯನ್ನು ಸಮೀಪಿಸಿದನು. ಅಲ್ಲಿ ಅವನನ್ನು ಹಿಡಿಯಬೇಕೆಂದು ಬಂದಿದ್ದ ಆಜ್ಞಾಪತ್ರವನ್ನು ಅಧಿಕಾರಿಯೊಬ್ಬನು ಅವನ ಕಣ್ಣೆದುರಿಗೇ ಹರಿದುಹಾಕಿ ಬೇಗ ಹೊರಡೆಂದನು. ಮರಳುಗಾಡಿನಲ್ಲಿ ನೀರಿನ ಚೀಲ ಕೈಜಾರಿ ಚೆಲ್ಲಿಹೋಗಿ, ನಾಲ್ಕು ರಾತ್ರಿ ಐದು ಹಗಲು ಬಾಯಿಗೆ ಹನಿ ನೀರಿಲ್ಲದೆ ನಡೆದನು. ಮುಂದೆ ತುರ್ಫಾನಿನ ಅರಸನು ಅವನ ಪಾಂಡಿತ್ಯಕ್ಕೆ ಮರುಳಾಗಿ ಅಲ್ಲಿಯೇ ಉಳಿಯಬೇಕೆಂದು ಬಲಾತ್ಕರಿಸಲು, ಅನ್ನೋದಕಗಳನ್ನು ತ್ಯಜಿಸಿ ಕುಳಿತು ಬಿಡುಗಡೆಯನ್ನು ಸಂಪಾದಿಸಿದನು. ಮನಸ್ಸು ಕರಗಿದ ಆ ಅರಸನೇ ದಾರಿಯ ಇಪ್ಪತ್ತನಾಲ್ಕು ರಾಜ್ಯಗಳಿಗೆ ಪತ್ರಗಳನ್ನು ಬರೆದುಕೊಟ್ಟನು. ಇಂದಿನ ವಿದ್ಯಾರ್ಥಿಗಳು ಉಪಾಧ್ಯಾಯರ ಮನೆಬಾಗಿಲಿಗೆ ಅಲೆದು ಪಡೆಯುವ ಶಿಫಾರಸುಪತ್ರಗಳಿಗೆ ಇವು ಹಿರಿಯಣ್ಣಂದಿರು.

ಭಾರತವನ್ನು ಹೊಕ್ಕ ಮೇಲೆಯೂ ಅವನು ನೆಟ್ಟಗೆ ನಾಲಂದೆಗೆ ಓಡಲಿಲ್ಲ ಎಂಬುದು ಗಮನಿಸತಕ್ಕ ಅಂಶ. ಕಾಶ್ಮೀರದಲ್ಲಿ ಎಪ್ಪತ್ತರ ಹತ್ತಿರ ವಯಸ್ಸಾಗಿದ್ದ ಆಚಾರ್ಯನೊಬ್ಬನ ಬಳಿ ಎರಡು ವರ್ಷ ಓದಿದನು. ಚೀನಭುಕ್ತಿಯಲ್ಲಿ ೧೪ ತಿಂಗಳು, ಜಾಲಂಧರದಲ್ಲಿ ೪ ತಿಂಗಳು, ಕನ್ಯಾಕುಬ್ಜದಲ್ಲಿ ೩ ತಿಂಗಳು, ಹೀಗೆ ಒಬ್ಬೊಬ್ಬ ಗುರುವಿನಿಂದ ಒಂದೊಂದು ಶಾಸ್ತ್ರವನ್ನು ಕೇಳುತ್ತ ಬಂದನು. ಆದುದರಿಂದ ಅವನು ಬುದ್ಧಗಯೆಯನ್ನು ತಲಪಿದಾಗ ನಾಲಂದೆಯವರೇ ನಾಲ್ವರು ಭಿಕ್ಷುಗಳನ್ನು ಕಳುಹಿಸಿ ಅವನನ್ನು ಕರೆಯಿಸಿಕೊಂಡರು. ಇನ್ನೂರಕ್ಕೆ ಮೀರಿದ ಭಿಕ್ಷುಗಳೂ ಸಾವಿರ ಮಂದಿ ಗೃಹಸ್ಥರೂ ಛತ್ರಧ್ವಜಗಳೊಡನೆ ಎದುರುಗೊಂಡರೆಂದು ಅವನ ಶಿಷ್ಯನಾದ ಹ್ವುಯಿಲಿ ಬರೆದ ಜೀವನಚರಿತ್ರೆಯಲ್ಲಿದೆ. ಅವನ ಪರೀಕ್ಷೆ ಬಾಗಿಲಿನಲ್ಲಿ ನಡೆಯಬೇಕಾಗಿರಲಿಲ್ಲ. ಅದು ದಾರಿಯಲ್ಲಿಯೇ ನಡೆದುಹೋಗಿದ್ದಿತು. ಒಳಗೆ ಬಂದವನಿಗೆ ದಿನವೊಂದಕ್ಕೆ ಇಪ್ಪತ್ತು ಅಡಕೆ, ಇಪ್ಪತ್ತು ಜಾಯಿಕಾಯಿ, ರಾಜರಿಗೂ ಮಹಾಪಂಡಿತರಿಗೂ ಮಾತ್ರ ಸಲ್ಲುತ್ತಿದ್ದ ಮಹಾಶಾಲಿಯೆಂಬ ಸುಗಂಧದ ಅಕ್ಕಿ ಇವು ಗೊತ್ತಾದುವು. ಊಟ ವಸತಿಗಳ ಚಿಂತೆಯಿಲ್ಲದೆ ವ್ಯಾಕರಣ, ಹೇತುವಿದ್ಯೆ, ಯೋಗಾಚಾರಗಳನ್ನು ಅಭ್ಯಾಸಮಾಡಿದನು. ಎಂಟು ವರ್ಷ ತಡವಾಗಿ ಬಂದವನೆಂದು ಯಾರೂ ಅವನನ್ನು ಹೀಯಾಳಿಸಲಿಲ್ಲ.

ಅವನ ತರುವಾಯ ೬೭೧ರಲ್ಲಿ ಹೊರಟ ಇತ್ಸಿಂಗನದು ಇನ್ನೂ ಸ್ಪಷ್ಟವಾದ ದೃಷ್ಟಾಂತ. ಇವನು ಕಡಲಿನ ಮಾರ್ಗವಾಗಿ ಬಂದವನು. ನಡುವೆ ಶ್ರೀವಿಜಯದಲ್ಲಿ ಇಳಿದು ಆರು ತಿಂಗಳು ಶಬ್ದವಿದ್ಯೆಯನ್ನು ಕಲಿತನು. ೬೭೩ರಲ್ಲಿ ತಾಮ್ರಲಿಪ್ತಿಯ ರೇವನ್ನು ಮುಟ್ಟಿದವನು ಅಲ್ಲಿಯೂ ಒಂದು ವರ್ಷದ ಕಾಲ ನಿಂತು ಸಂಸ್ಕೃತವನ್ನು ಗಟ್ಟಿಮಾಡಿಕೊಂಡನು. ಆಮೇಲೆ ನಾಲಂದೆಗೆ ನಡೆದು ಹತ್ತು ವರ್ಷ ಓದಿದನು. ಈ ದೇಶದ ಬಾಲಕರು ಎಂಟನೆಯ ವಯಸ್ಸಿನಲ್ಲಿ ಪಾಣಿನಿಯ ಸೂತ್ರಗಳನ್ನು ಬಾಯಿಪಾಠಮಾಡಲಾರಂಭಿಸಿ, ಹದಿನೈದರಲ್ಲಿ ಜಯಾದಿತ್ಯನ ವೃತ್ತಿಗೆ ಕೈಯಿಕ್ಕಿ, ಅದನ್ನು ಐದು ವರ್ಷ ಓದುತ್ತಿದ್ದರೆಂದೂ, ಅದಾದ ಮೇಲೆಯೇ ನಾಲಂದೆಗಾಗಲಿ ವಲಭಿಗಾಗಲಿ ಹೋಗುತ್ತಿದ್ದರೆಂದೂ ಅವನು ತಿಳಿಸುತ್ತಾನೆ. ಚೀನದಿಂದ ಬರುವವರಾದರೂ ಮೊದಲು ಆ ವೃತ್ತಿಯನ್ನು ಕಲಿಯತಕ್ಕದ್ದು, ಇಲ್ಲವಾದರೆ ಪಟ್ಟ ಶ್ರಮವೆಲ್ಲ ವ್ಯರ್ಥ ಎಂಬುದು ಅವನ ಅಭಿಪ್ರಾಯ. ವ್ಯಾಕರಣವನ್ನು ಓದಿದವರಿಗೆ ಈ ಮಾತಿನ ಬೆಲೆ ಬೇರೆ ಹೇಳಬೇಕಾದುದಿಲ್ಲ. ಬಾಗಿಲಿಗೆ ಒಂದೂವರೆ ವರ್ಷ ತಡವಾಗಿ ಹೋದುದರಿಂದಲೇ ಅವನು ಬಾಗಿಲಿನಲ್ಲಿ ಮೂಕನಾಗಿ ನಿಲ್ಲಲಿಲ್ಲ.

ಈಗಿನ ಬಾಗಿಲುಗಳ ಕ್ರಮ ಬೇರೆ. ಇವು ಮೊದಲು ದಿನಾಂಕವನ್ನು ಕೇಳುತ್ತವೆ, ಆಮೇಲೆ ಪ್ರಶ್ನೆಯನ್ನು. ಆಕ್ಸ್‌ಫರ್ಡ್, ಕೇಂಬ್ರಿಜ್ ವಿದ್ಯಾಪೀಠಗಳಲ್ಲಿ ಪದವಿಯ ವ್ಯಾಸಂಗಕ್ಕೆ ಸೇರಬೇಕಾದವರು ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್ ೧೫ರ ಸಂಜೆ ೬ ಗಂಟೆಯೊಳಗೆ ಅರ್ಜಿಯನ್ನು ಸಲ್ಲಿಸಬೇಕು. ಭಾರತದ ಗಡಿಯಾರದಲ್ಲಿ ಅದು ರಾತ್ರಿ ಹತ್ತೂವರೆ. ಬ್ರಿಟನ್ನಿನ ಉಳಿದ ಬಹುಪಾಲು ವ್ಯಾಸಂಗಗಳಿಗೆ ಅವಧಿ ಜನವರಿ ತಿಂಗಳು. ಅದರ ತರುವಾಯ ಬಂದ ಅರ್ಜಿಯನ್ನು ಸ್ಥಳವಿದ್ದರೆ ನೋಡುವರು. ಸಕಾಲದಲ್ಲಿ ಬಂದುದರ ಸಮಕ್ಕೆ ನೋಡಬೇಕೆಂಬ ಕಟ್ಟಿಲ್ಲ. ಜೂನ್ ೩೦ ಕಳೆದ ಮೇಲೆ ಬಂದುವು ಕ್ಲಿಯರಿಂಗ್ ಎಂಬ, ಉಳಿದ ಸ್ಥಳಗಳನ್ನು ತುಂಬುವ ಏರ್ಪಾಡಿಗೆ ಹೋಗುತ್ತವೆ. ಅಮೆರಿಕದ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್ ಮೊದಲಾದುವು ಪರದೇಶದವನ ಬಡತನವನ್ನು ಪ್ರವೇಶಕ್ಕೆ ಅಡ್ಡಿಯೆಂದು ಎಣಿಸುವುದಿಲ್ಲ. ಆದರೆ ಆ ಔದಾರ್ಯವೂ ಅವಧಿಯೊಳಗೆ ಬಂದವನಿಗೇ ಮೀಸಲು. ಇದನ್ನು ಕ್ರೌರ್ಯವೆನ್ನಲಾಗದು. ಸಾವಿರಾರು ಅರ್ಜಿಗಳನ್ನು ಒಟ್ಟಿಗೆ ಇಟ್ಟು ತೂಗುವವರು ತಡವಾದ ಒಂದನ್ನು ತಕ್ಕಡಿಗೆ ಸೇರಿಸಿದರೆ, ಸಕಾಲದಲ್ಲಿ ಬಂದ ಮತ್ತಾರದೋ ತಟ್ಟೆ ಮೇಲಕ್ಕೇಳುತ್ತದೆ.

ಪರದೇಶದವನಿಗೆ ತಡವು ಇಮ್ಮಡಿ ತಡವು ಎಂಬುದೂ ದಿಟ. ಆ ದೇಶದ ಹುಡುಗನು ಆಗಸ್ಟಿನಲ್ಲಿ ಸ್ಥಳ ಸಿಕ್ಕಿದರೆ ಸೆಪ್ಟೆಂಬರಿನಲ್ಲಿ ಪೆಟ್ಟಿಗೆ ಹೊತ್ತು ಹೋಗಬಲ್ಲನು. ಭಾರತದಿಂದ ಹೋಗತಕ್ಕವನು ವಿದ್ಯಾಪೀಠದ ದೃಢೀಕರಣವನ್ನು ಪಡೆದು ವೀಸಾಕ್ಕೆ ಬರೆಯಬೇಕು. ಖರ್ಚಿನ ಹಣ ಬ್ಯಾಂಕಿನಲ್ಲಿ ೨೮ ದಿನ ಎಡೆಬಿಡದೆ ಇದ್ದುದನ್ನು ತೋರಿಸಬೇಕು. ಕ್ಷಯರೋಗವಿಲ್ಲವೆಂಬ ಪ್ರಮಾಣಪತ್ರವನ್ನು ತರಬೇಕು. ಇವುಗಳಲ್ಲಿ ಯಾವುದೂ ಅವಸರಕ್ಕೆ ಬಗ್ಗುವುದಿಲ್ಲ.

ಒಂದು ಜಿಲ್ಲಾಪಟ್ಟಣದ ಮನೆಯಲ್ಲಿ ನಡೆದುದು ಹೀಗೆ. ತಂದೆ ಗುಮಾಸ್ತೆ; ಮಗಳಿಗೆ ಗಣಿತದಲ್ಲಿ ಅಪಾರವಾದ ಪ್ರೀತಿ. ಅಕ್ಟೋಬರಿನ ಅವಧಿ ಅವಳಿಗೆ ತಿಳಿಯದುದಲ್ಲ. ಆದರೆ ಆ ತಿಂಗಳು ತಂದೆಗೆ ಹೃದಯದ ಶಸ್ತ್ರಚಿಕಿತ್ಸೆಯಾಗಿ, ಅವಳು ಆಸ್ಪತ್ರೆಯ ಬೆಂಚಿನ ಮೇಲೆ ಹದಿನಾರು ರಾತ್ರಿ ಕಳೆದಳು. ಮನೆಗೆ ಬಂದು ನೋಡಿದರೆ ದಿನ ಮೀರಿದ್ದಿತು. ವಿದ್ಯಾಪೀಠಕ್ಕೆ ನಡೆದುದನ್ನು ನಡೆದಂತೆ ಬರೆದಳು. ಸೌಜನ್ಯದಿಂದ ಕೂಡಿದ ಎರಡು ಸಾಲಿನ ಉತ್ತರ ಬಂದಿತು: ಈ ವರ್ಷ ಆಗದು, ಮುಂದಿನ ವರ್ಷ ಬರೆಯಬಹುದು. ಈ ಸುದ್ದಿಯನ್ನು ಕೇಳಿ ಮಧ್ಯಸ್ಥನೊಬ್ಬನು ಮನೆಗೆ ಬಂದನು. ಬೇರೊಂದು ವಿದ್ಯಾಲಯದಲ್ಲಿ ಸ್ಥಳವುಂಟು, ವಾರದೊಳಗೆ ಹಣ ಕಟ್ಟಬೇಕು, ವಿಷಯ ಗಣಿತವಲ್ಲದಿದ್ದರೇನು, ವಿದೇಶವಷ್ಟೆ, ಎಂದನು. ತಾಯಿ ಬಳೆಗಳನ್ನು ತೆಗೆದು ಮೇಜಿನ ಮೇಲಿಟ್ಟಳು. ತಂದೆ ಮನೆಯ ಪತ್ರಗಳಿದ್ದ ಪೆಟ್ಟಿಗೆಯ ಬೀಗದ ಕೈಯನ್ನು ಹುಡುಕಿದನು. ಬೇಡವೆಂದವಳು ಮಗಳೇ. ತನಗೆ ಬೇಕಾದುದು ಗಣಿತ. ವಿದೇಶವು ಅದಕ್ಕೆ ದಾರಿ ಮಾತ್ರ. ದಾರಿಗಾಗಿ ಊರನ್ನು ಬಿಟ್ಟುಕೊಡಲಾರೆ, ಎಂದಳು. ಆ ವರ್ಷ ಊರಿನ ಕಾಲೇಜಿಗೆ ಸೇರಿ, ಬೆಳಗಿನ ಜಾವ ಎದ್ದು ಹಳೆಯ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿದಳು. ಮರುವರ್ಷ ಸೆಪ್ಟೆಂಬರಿನಲ್ಲಿಯೇ ಅರ್ಜಿ ಹೋಯಿತು. ಮೊದಲು ಬಯಸಿದ ವಿದ್ಯಾಪೀಠದವರು ಸಂದರ್ಶನಕ್ಕೆ ಕರೆದು, ಆಮೇಲೆ ಒಲ್ಲೆವೆಂದರು. ಎರಡನೆಯದರವರು ಒಪ್ಪಿ, ಶುಲ್ಕದಲ್ಲಿ ಒಂದು ಭಾಗವನ್ನು ಬಿಟ್ಟರು. ಮನೆಯ ಪತ್ರಗಳು ಇನ್ನೂ ಪೆಟ್ಟಿಗೆಯಲ್ಲಿಯೇ ಇವೆ.

ಮಧ್ಯಸ್ಥನ ವ್ಯಾಪಾರವೂ ಹೊಸದಲ್ಲ. ನಾಲಂದೆಯ ಹೆಸರನ್ನು ಕದ್ದು ತಿರುಗುತ್ತಿದ್ದವರೂ ಹೋದಲ್ಲೆಲ್ಲ ಮರ್ಯಾದೆಯನ್ನು ಪಡೆಯುತ್ತಿದ್ದರೆಂದು ಹ್ಯುಯೆನ್‌ತ್ಸಾಂಗನೇ ಬರೆದಿದ್ದಾನೆ. ಒಳಗೆ ಹೋಗದೆ ಒಳಗಿನವನೆನಿಸಿಕೊಳ್ಳುವ ಆಸೆ ಮನುಷ್ಯನಿಗೆ ಆಗಲೂ ಇದ್ದಿತು, ಈಗಲೂ ಇದೆ. ಅದು ವಿದ್ಯೆಯ ಆಸೆಯಲ್ಲ, ಮುದ್ರೆಯ ಆಸೆ. ತಡವಾಯಿತೆಂಬ ಭಯ ಒಳ್ಳೆಯ ಮನೆಗಳನ್ನು ಕೂಡ ಮೊದಲನೆಯದರಿಂದ ಎರಡನೆಯದಕ್ಕೆ ತಳ್ಳಿಬಿಡುತ್ತದೆ. ನೆರೆಯವನ ಮಗ ಈ ವರ್ಷವೇ ಹೋದನು, ಕಳುಹಿಸದಿದ್ದರೆ ನಾಲ್ಕು ಜನ ಏನೆಂದಾರು ಎಂಬ ಮಾತು ಇದಕ್ಕೆ ಗಾಳಿ ಹಾಕುತ್ತದೆ. ನಾಲ್ಕು ಜನ ಆಡುವುದು ನಾಲ್ಕು ದಿನ. ಸಾಲದ ಕಂತು ಹದಿನೈದು ವರ್ಷ.

ಹಾಗಾದರೆ ದಿನ ಮೀರಿದವನು ಮಾಡತಕ್ಕುದೇನು? ಮೊದಲು, ಕಾರಣವನ್ನು ಮುಚ್ಚದೆ ಬರೆದು ವಿದ್ಯಾಪೀಠವನ್ನೇ ಕೇಳುವುದು; ಕೇಳಿದುದರಿಂದ ನಷ್ಟವಿಲ್ಲ, ಕೆಲವೆಡೆ ಸ್ಥಳವಿದ್ದರೂ ಇರಬಹುದು. ಆಗದೆಂದರೆ ಆಗದೆಂಬುದನ್ನು ಒಪ್ಪಿಕೊಳ್ಳುವುದು. ಉಳಿದ ವರ್ಷವನ್ನು ತಾಮ್ರಲಿಪ್ತಿಯಲ್ಲಿ ನಿಂತ ಇತ್ಸಿಂಗನ ಹಾಗೆ ಕಳೆಯುವುದು. ಮಿತ್ರರಿಂದ ಒಂದು ವರ್ಷ ಹಿಂದಾದೆನೆಂಬ ದುಃಖ ಇಪ್ಪತ್ತನೆಯ ವಯಸ್ಸಿನಲ್ಲಿ ಬೆಟ್ಟದಷ್ಟು ದೊಡ್ಡದಾಗಿ ಕಾಣುತ್ತದೆ. ಮೂವತ್ತೈದರಲ್ಲಿ ಪಾಠಕ್ಕೆ ಕುಳಿತು, ೬೪೫ರಲ್ಲಿ ೬೫೭ ಗ್ರಂಥಗಳೊಡನೆ ಸ್ವದೇಶಕ್ಕೆ ಮರಳಿದವನನ್ನು ನೆನೆದರೆ ಅದು ಕರಗುತ್ತದೆ.

ಬಾಗಿಲು ಯಾರಿಗೂ ಕಾಯುವುದಿಲ್ಲವೆಂಬುದು ನಿಜವಾದರೂ, ಗುರು ಕಾಯುವುದುಂಟು. ಆಗ ನಾಲಂದೆಗೆ ಮುಖ್ಯನಾಗಿದ್ದವನು ಶೀಲಭದ್ರನು. ನೂರು ದಾಟಿದ ವೃದ್ಧನೆಂದು ಹ್ವುಯಿಲಿ ಹೇಳುತ್ತಾನೆ. ಇಪ್ಪತ್ತು ವರ್ಷಗಳಿಂದ ಅವನಿಗೆ ಕೈಕಾಲುಗಳಲ್ಲಿ ವಾತದ ಬೇನೆ. ಚೀನದ ಅತಿಥಿ ಬರುವುದಕ್ಕೆ ಮೂರು ವರ್ಷ ಹಿಂದೆ ಬೇನೆ ಉಲ್ಬಣಿಸಿ, ಉಪವಾಸದಿಂದ ದೇಹವನ್ನು ಬಿಡಬೇಕೆಂದು ಅವನು ನಿಶ್ಚಯಿಸಿದ್ದನಂತೆ. ಆ ರಾತ್ರಿಯ ಕನಸಿನಲ್ಲಿ ಮೂವರು ದೇವತೆಗಳು ತೋರಿ, ಚೀನದಿಂದ ಒಬ್ಬನು ಕಲಿಯಲು ಬರುವನು, ಅವನಿಗೆ ಕಲಿಸುವುದಕ್ಕಾಗಿ ಇರು ಎಂದರಂತೆ. ಹ್ಯುಯೆನ್‌ತ್ಸಾಂಗನು ಮಂಡಿಯೂರಿ ಬಂದು ಪಾದಗಳನ್ನು ಮುಟ್ಟಿ, ಯೋಗಶಾಸ್ತ್ರವನ್ನು ಕಲಿಯಲು ಬಂದಿರುವೆನೆಂದಾಗ, ಆ ವೃದ್ಧನು ಅತ್ತನು. ತನ್ನಿಂದ ಹೇಳಲಾಗದೆ, ಎಪ್ಪತ್ತು ಮೀರಿದ ತನ್ನ ಬಂಧು ಬುದ್ಧಭದ್ರನನ್ನು ಕರೆದು ಈ ಕಥೆಯನ್ನು ಹೇಳಿಸಿದನು. ಕನಸಿನ ಮಾತನ್ನು ನಂಬುವುದೂ ಬಿಡುವುದೂ ವಾಚಕರಿಗೆ ಸೇರಿದ್ದು. ತನ್ನ ವಿದ್ಯೆಯನ್ನು ಹೊರಬಲ್ಲ ಶಿಷ್ಯನೊಬ್ಬನು ಇನ್ನೂ ಬರಲಿಲ್ಲವಲ್ಲ ಎಂದು ನೋವಿನಲ್ಲಿಯೂ ಉಸಿರು ಹಿಡಿದಿರುವ ಗುರುವಿನ ಮನಸ್ಸನ್ನು ನಂಬುವುದಕ್ಕೆ ಮಾತ್ರ ಕನಸು ಬೇಕಾಗಿಲ್ಲ. ಆಮೇಲೆ ಆರಂಭವಾದ ಪಾಠವು ಹದಿನೈದು ತಿಂಗಳು ನಡೆಯಿತು.