ಕಾರವಾರ–ಅಂಕೋಲೆಗಳ ದಾರಿಯಲ್ಲಿ ಅರಿವೆಯ ವಿಚಾರ

ಕಾರವಾರದ ಕಡಲನ್ನು ನೋಡಲು ಬರುವವರು ಬಹು ಮಂದಿ. ಕಾಳೀನದಿಯು ಸಮುದ್ರವನ್ನು ಸೇರುವ ಸಂಗಮ, ಅದರಾಚೆ ಸದಾಶಿವಗಡದ ಗುಡ್ಡ, ಇತ್ತ ಗಾಳಿಮರಗಳ ಸಾಲು, ದೂರದಲ್ಲಿ ನೀರಿನ ಮೇಲೆ ಬೆನ್ನು ತೋರಿಸಿ ಮಲಗಿದಂತಿರುವ ಕೂರ್ಮಗಡ, ದೇವಗಡಗಳೆಂಬ ದ್ವೀಪಗಳು, ಇವುಗಳ ವರ್ಣನೆಯನ್ನು ವಾಚಕರು ಬೇರೆಡೆಯಲ್ಲಿ ಓದಿಯೇ ಇರುವರು. 1883ರಲ್ಲಿ ಇಲ್ಲಿ ಕೆಲಕಾಲ ತಂಗಿದ್ದ ರವೀಂದ್ರನಾಥ ಠಾಕೂರರು ಈ ತೀರಕ್ಕೆ ಮನಸೋತ ಮೇಲೆ ನಮ್ಮಂತಹ ನಿವೃತ್ತ ಶಾಲಾಮಾಸ್ತರರು ಹೊಸದಾಗಿ ಹೇಳಬೇಕಾದುದು ಏನಿದೆ? ಈ ಸಲ ನಾವು ಕುಟುಂಬಸಮೇತರಾಗಿ ಅಲ್ಲಿಗೆ ಹೋದಾಗ ನಮ್ಮ ಚಿತ್ತವು ಬೇರೊಂದು ವಸ್ತುವಿನ ಮೇಲೆ ನೆಟ್ಟಿತು. ಅದು ನಾವೆಲ್ಲರೂ ದಿನವೂ ಉಟ್ಟು ತೊಡುವ ಅರಿವೆ.

ಈ ಕರಾವಳಿಯಲ್ಲಿ ಹತ್ತಿ ಬೆಳೆಯದು. ವರ್ಷಕ್ಕೆ 3000 ಮಿಲಿಮೀಟರಿನಷ್ಟು ಮಳೆ ಸುರಿಯುವ ನೆಲವಿದು. ಹತ್ತಿಗೆ ಬೇಕಾದುದು ಧಾರವಾಡ ಸೀಮೆಯ ಎರೆಮಣ್ಣು, ಒಣಹವೆ. ಆದುದರಿಂದ ಇಲ್ಲಿಯ ಜನರು ಉಟ್ಟ ಅರಿವೆಯೆಲ್ಲವೂ ಎಂದಿನಿಂದಲೂ ಘಟ್ಟವನ್ನಿಳಿದೋ ಹಡಗನ್ನೇರಿಯೋ ಬಂದುದಾಗಿದೆ. ಹಾಗಿದ್ದರೂ ಅರಿವೆಯ ವ್ಯಾಪಾರದಲ್ಲಿ ಕಾರವಾರದ ಹೆಸರು ಸಣ್ಣದಲ್ಲ. 1638ರಲ್ಲಿ ಕೋರ್ಟೀನನ ಮಂಡಲಿಯ ಇಂಗ್ಲಿಷ್ ವರ್ತಕರು ಇಲ್ಲಿ ಕೋಠಿಯನ್ನು ತೆರೆದರು. ಮೆಣಸು ಏಲಕ್ಕಿಗಳೊಡನೆ ಅವರು ಒಯ್ಯುತ್ತಿದ್ದುದು ಬಟ್ಟೆ. 1660ರ ಸುಮಾರಿಗೆ ಪಶ್ಚಿಮ ಹಿಂದುಸ್ಥಾನದಲ್ಲೇ ಅತಿ ನವುರಾದ ಮಸ್ಲಿನ್ ಇಲ್ಲಿಂದ ಹಡಗೇರುತ್ತಿತ್ತೆಂದೂ, ಅದನ್ನು ನೇಯುವ ಊರುಗಳು ಘಟ್ಟದ ಮೇಲೆ ಹುಬ್ಬಳ್ಳಿಯ ಸುತ್ತಮುತ್ತ ಇದ್ದುವೆಂದೂ, ಅಲ್ಲಿ 50,000 ನೇಕಾರರು ದುಡಿಯುತ್ತಿದ್ದರೆಂದೂ ಮುಂಬಯಿ ಸರಕಾರದ ಹಳೆಯ ಗ್ಯಾಝೆಟಿಯರು ಹೇಳುತ್ತದೆ. 1665ರಲ್ಲಿ ಶಿವಾಜಿ ಮಹಾರಾಜರು ಬಂದಾಗ ಕೋಠಿಯವರು ತೆತ್ತ ಹಣವೂ ಅದರಲ್ಲಿ ಲೆಕ್ಕಸಹಿತ ಬರೆದಿದೆ. ಆ ಐವತ್ತು ಸಾವಿರ ಜನರೊಳಗೆ ಒಬ್ಬನ ಹೆಸರನ್ನಾದರೂ ನಾವು ಅಲ್ಲಿ ಕಾಣೆವು.

ಇನ್ನೂರು ವರ್ಷಗಳ ಮೇಲೆ ಈ ಪ್ರವಾಹವು ಹಿಮ್ಮೊಗವಾಯಿತು. 1861ರಲ್ಲಿ ಅಮೇರಿಕದಲ್ಲಿ ಅಂತರ್ಯುದ್ಧವು ಹೊತ್ತಿಕೊಂಡು, ಅಲ್ಲಿ ಗುಲಾಮರು ಬೆಳೆಯುತ್ತಿದ್ದ ಹತ್ತಿಯು ಲಂಕಾಶಾಯರಿನ ಗಿರಣಿಗಳಿಗೆ ಬಾರದಾಯಿತು. ಮ್ಯಾಂಚೆಸ್ಟರಿನವರ ಕಣ್ಣು ಧಾರವಾಡದ ಹತ್ತಿಯ ಮೇಲೆ ಬಿದ್ದಿತು. ಆ ಹತ್ತಿಗೊಂದು ಬಂದರು ಬೇಕು. ಅದಕ್ಕಾಗಿ ಕಾಳಿಯ ಮುಖವನ್ನು ಆರಿಸಿದರು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದರಾಸು ಇಲಾಖೆಯಿಂದ ಬಿಡಿಸಿ ಮುಂಬಯಿಗೆ ಸೇರಿಸಿದುದಕ್ಕೆ ಈ ಹತ್ತಿಯೇ ದೊಡ್ಡ ಕಾರಣ. ವಿಲಾಯತಿಯಿಂದ ಅವಸರವಾಗಿ ಯಂತ್ರಗಳು ಬಂದಿಳಿದಾಗ ಘಟ್ಟದ ರಸ್ತೆ ಇನ್ನೂ ಮುಗಿದಿರಲಿಲ್ಲವಂತೆ. ರಸ್ತೆಯಾಯಿತು, ಅಂಡಿಗೆಗಳೂ ಇಳಿದುವು; ಆದರೆ 1865ರಲ್ಲಿ ಯುದ್ಧವು ಮುಗಿದು ಹತ್ತಿಯ ಧಾರಣೆ ಬಿದ್ದಿತು. 1880ರ ದಶಕದಲ್ಲಿ ರೈಲು ಬಂದು ಸರಕನ್ನೆಲ್ಲ ಗೋವೆಯ ಮಾರ್ಮಗೋವಾ ಬಂದರಕ್ಕೆ ಸೆಳೆದುಕೊಂಡಿತು. ಮಸ್ಲಿನ್ ನೇಯುತ್ತಿದ್ದ ಸೀಮೆಯಿಂದ ಬರಿಯ ಅರಳೆಯನ್ನೊಯ್ದು, ಸಾವಿರಾರು ಹರದಾರಿ ಆಚೆಯ ಗಿರಣಿಯಲ್ಲಿ ನೇಯಿಸಿ, ತಿರುಗಿ ಅದೇ ಸೀಮೆಯಲ್ಲಿ ಮಾರಿದ ಆ ಕಾಲದ ಜಾಣ್ಮೆಗೆ ಏನೆನ್ನಬೇಕೋ ತಿಳಿಯದು.

ಕಾರವಾರದಿಂದ ಅಂಕೋಲೆಗೆ ಸುಮಾರು 35 ಕಿಲೋಮೀಟರು. ಬಿಣಗಾ, ಅರ್ಗಾ, ಅಮದಳ್ಳಿ, ಅವರ್ಸಾ ಎಂದು ಊರುಗಳು ಒಂದರ ಹಿಂದೊಂದು ಬರುತ್ತವೆ. 2005ರಲ್ಲಿ ಪ್ರಾರಂಭವಾದ ನೌಕಾನೆಲೆಯ ಗೋಡೆಯು ಬಹುದೂರದವರೆಗೆ ಕಡಲನ್ನು ಮರೆಮಾಡುವುದರಿಂದ ಬಸ್ಸಿನಲ್ಲಿ ಕುಳಿತವರಿಗೆ ಮಾತನಾಡುವುದೇ ವಿನೋದ. ನಮ್ಮ ಮನೆಯವರ ಪಕ್ಕದಲ್ಲಿ ಇಪ್ಪತ್ತೈದರ ವಯಸ್ಸಿನ ಒಬ್ಬ ತರುಣಿ ಕುಳಿತಿದ್ದಳು. ಅಂಕೋಲೆ ತಾಲ್ಲೂಕಿನವಳು, ಬೆಂಗಳೂರಿನ ಒಂದು ಗಾರ್ಮೆಂಟ್ಸ್ ಕಾರ್ಖಾನೆಯಲ್ಲಿ ಕೆಲಸ, ರಜೆಯ ಮೇಲೆ ಬಂದವಳು ಕಾರವಾರದ ಅಕ್ಕನ ಮನೆಗೆ ಹೋಗಿ ಹಿಂದಿರುಗುತ್ತಿದ್ದಳು.

“ಅಂಗಿ ಹೊಲೆಯುತ್ತೀಯೇನು ತಂಗೀ?” ಎಂದು ನಮ್ಮವರು ಕೇಳಿದರು.

“ಇಲ್ಲ ಅಮ್ಮಾ, ಕಾಲರು. ಮೂರು ವರುಷದಿಂದ ಕಾಲರೊಂದೇ. ತೋಳು ಹಚ್ಚುವವರು ಬೇರೆ, ಕಾಜ ಮಾಡುವವರು ಬೇರೆ. ಇಡೀ ಅಂಗಿ ಹೊಲೆ ಎಂದರೆ ನನಗೆ ಬರುವುದಿಲ್ಲ.”

ಗಂಟೆಗೆ ಇಷ್ಟೆಂದು ಲೆಕ್ಕ ಬರೆದಿಡುವರಂತೆ. ಅಷ್ಟಾಗದಿದ್ದರೆ ಎಲ್ಲರ ಇದಿರಿಗೆ ಬೈಗಳು. ಪದೇ ಪದೇ ಎದ್ದುಹೋಗಬೇಕಾದೀತೆಂದು ನೀರನ್ನೇ ಕಡಿಮೆ ಕುಡಿಯುವುದನ್ನು ಅವಳೂ ಅವಳ ಸಂಗಡಿಗರೂ ರೂಢಿಸಿಕೊಂಡಿರುವರು. ಅಂಗಿಗಳು ಎಲ್ಲಿಗೆ ಹೋಗುವುವೆಂದು ಕೇಳಿದೆವು. “ಪರದೇಶಕ್ಕೆ. ಚೀಟಿಯಲ್ಲಿ ಹೆಸರು ಇರುತ್ತದೆ ಸರ್. ಓದಲು ಬಾರದೆಂದಲ್ಲ, ಪುರುಸೊತ್ತಿಲ್ಲ” ಎಂದು ನಕ್ಕಳು. ಅವಳ ಮಡಿಲಲ್ಲಿ ಅಕ್ಕ ಕೊಟ್ಟ ಕೋಕಂ ಸಿಪ್ಪೆಯ ಪೊಟ್ಟಣವಿತ್ತು. ಅದರಲ್ಲಿ ಅರ್ಧವನ್ನು ನಮ್ಮವರಿಗೆ ಕೊಡದೆ ಬಿಡಲಿಲ್ಲ.

ಇಂತಹ ಲಕ್ಷಾಂತರ ಸ್ತ್ರೀಯರು ಕರ್ನಾಟಕದಲ್ಲಿ ದುಡಿಯುತ್ತಿರುವರು. ಇವರು ಇರುವರೆಂಬುದು ಊರಿಗೆ ತಿಳಿಯುವುದು ಬೀದಿಗಿಳಿದಾಗ ಮಾತ್ರ. ಭವಿಷ್ಯನಿಧಿಯ ಹಣವನ್ನು ಬೇಕಾದಾಗ ತೆಗೆಯಲಾಗದಂತೆ ನಿಯಮವು ಬದಲಾಯಿತೆಂದು 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಹೆದ್ದಾರಿಗಳಲ್ಲಿ ಅವರು ಸಹಸ್ರಗಟ್ಟಲೆ ಬಂದು ಕುಳಿತರು. ಕೇಂದ್ರ ಸರಕಾರವು ಆ ನಿಯಮವನ್ನು ಹಿಂತೆಗೆದುಕೊಂಡಿತು. 2020ರ ಏಪ್ರಿಲಿನಿಂದ ಸಲ್ಲಬೇಕಾಗಿದ್ದ ತುಟ್ಟಿಭತ್ಯೆಯನ್ನು ರಾಜ್ಯ ಸರಕಾರವು ಒಂದು ವರ್ಷ ಮುಂದೂಡಿತು. ಅದು ತಿಂಗಳಿಗೆ 417 ರೂಪಾಯಿ. ಕಾರ್ಮಿಕರ ಸಂಘವು ಹೈಕೋರ್ಟಿಗೆ ಹೋಗಿ ತನ್ನ ಪರವಾಗಿ ಆಜ್ಞೆಯನ್ನು ಪಡೆಯಿತು. ಆದರೂ ಬಾಕಿಯು ಕೈಸೇರಬೇಕಾದರೆ ಅನೇಕರಿಗೆ 2022 ಬಂದಿತು. ಇದಕ್ಕಿಂತ ಘೋರವಾದುದು ನೆರೆಯ ಬಾಂಗ್ಲಾದೇಶದಲ್ಲಿ ನಡೆದಿದೆ. ಹಿಂದಿನ ದಿನವೇ ಬಿರುಕುಬಿಟ್ಟಿದ್ದ ಕಟ್ಟಡದೊಳಕ್ಕೆ ಕೆಲಸಗಾರರನ್ನು ಕಳುಹಿಸಿ, 2013ರ ಏಪ್ರಿಲ್ 24ರಂದು ಢಾಕಾದ ಬಳಿಯ ಸಾವಾರಿನಲ್ಲಿ 1,100ಕ್ಕೂ ಮಿಕ್ಕಿದ ಜನರು ಅದರಡಿಯಲ್ಲಿ ಸತ್ತರು.

ತುಟ್ಟಿಭತ್ಯೆಯ ಈ ಕಥೆಯನ್ನು ಕೇಳಿದಾಗ ನಮಗೆ ಕೌಟಿಲ್ಯನ ಅರ್ಥಶಾಸ್ತ್ರವು ನೆನಪಾಯಿತು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಮಾಡಿಸಿ ಬೆಳಕಿಗೆ ತಂದ ಗ್ರಂಥವದು. ಅದರ ಎರಡನೆಯ ಅಧಿಕರಣದಲ್ಲಿ ಸೂತ್ರಾಧ್ಯಕ್ಷನೆಂಬ ಅಧಿಕಾರಿಯ ಪ್ರಕರಣವೊಂದಿದೆ. ನೂಲುವ ಕೆಲಸವನ್ನು ವಿಧವೆಯರಿಗೂ ಅಂಗವಿಕಲರಿಗೂ ವೃದ್ಧೆಯರಿಗೂ ಕೊಡಬೇಕು. ಮನೆಯಿಂದ ಹೊರಬಾರದ ಸ್ತ್ರೀಯರಿಗೆ ದಾಸಿಯರ ಮೂಲಕ ಗೌರವದಿಂದ ಕೆಲಸವನ್ನು ಕಳುಹಿಸಬೇಕು. ನೂಲು ನವುರೋ ದಪ್ಪವೋ ಮಧ್ಯಮವೋ ಎಂಬುದನ್ನು ನೋಡಿ ವೇತನವನ್ನು ಗೊತ್ತುಮಾಡಬೇಕು. ಬೆಳಗ್ಗೆ ನೂಲನ್ನು ತಂದೊಪ್ಪಿಸುವ ಹೆಂಗಸಿನ ಮುಖವನ್ನು ನೋಡಿದರೆ, ಕೆಲಸದ ಹೊರತು ಬೇರೆ ಮಾತನಾಡಿದರೆ, ಆ ಅಧಿಕಾರಿಗೆ ಪ್ರಥಮ ಸಾಹಸದಂಡ. ವೇತನದ ಕಾಲವನ್ನು ಮೀರಿಸಿದರೆ ಮಧ್ಯಮ ಸಾಹಸದಂಡ. ಅದೆಂದರೆ 200ರಿಂದ 500 ಪಣಗಳು. ಸಂಬಳವನ್ನು ತಡಮಾಡುವುದು ಕೆಟ್ಟ ದೃಷ್ಟಿಗಿಂತಲೂ ಹಿರಿಯ ಅಪರಾಧವೆಂದು ಆತನು ಎಣಿಸಿದನು. ಕೂಲಿಯನ್ನು ಪಡೆದು ಕೆಲಸ ಮಾಡದವಳಿಗೆ ಹೆಬ್ಬೆರಳನ್ನು ಕತ್ತರಿಸುವ ಶಿಕ್ಷೆಯನ್ನೂ ಆತನೇ ಬರೆದಿರುವನು. ಅದನ್ನು ಮುಚ್ಚಿಟ್ಟು ಪ್ರಾಚೀನರನ್ನು ಹೊಗಳುವುದು ನಮಗೆ ಒಗ್ಗದು. ಆದರೂ ವೇತನವು ಹೊತ್ತಿಗೆ ಸಲ್ಲಬೇಕೆಂಬ ಮಾತು ಇಷ್ಟು ಹಳೆಯದೆಂಬುದು ನೆನಪಿನಲ್ಲಿರತಕ್ಕದ್ದು.

ಅಂಕೋಲೆಯಲ್ಲಿ ಇಳಿದಾಗ ಹೊತ್ತು ಏರಿತ್ತು. ಪೇಟೆಯ ಬದಿಯಲ್ಲಿ ಹಾಲಕ್ಕಿ ಒಕ್ಕಲ ಹೆಂಗಸರು ಕಾಯಿಪಲ್ಲೆಯ ಬುಟ್ಟಿಗಳನ್ನಿಟ್ಟು ಕುಳಿತಿದ್ದರು. ಅವರಲ್ಲಿ ಹಿರಿಯರು ಈಗಲೂ ಕುಪ್ಪಸವಿಲ್ಲದೆ, ಕೊರಳ ತುಂಬ ಮಣಿಸರಗಳನ್ನು ಧರಿಸಿ, ಒಂದೇ ಸೀರೆಯನ್ನು ಬಿಗಿದುಡುವರು. ಈ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳಿಂದ ಪದ್ಮಶ್ರೀಯನ್ನು ಪಡೆಯಲು ಇದೇ ಉಡುಗೆಯಲ್ಲಿ, ಬರಿಗಾಲಲ್ಲಿ ಹೋದರು. 2024ರ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಪೆಟ್ಟಿಗೆಯ ತುಂಬ ಬಟ್ಟೆಗಳಿದ್ದೂ ಉಡಲು ಏನೂ ಇಲ್ಲವೆನ್ನುವ ನಮ್ಮ ಮನೆಗಳ ಮಕ್ಕಳಿಗೆ ಅವರ ಚಿತ್ರವನ್ನು ತೋರಿಸಬಹುದು.

ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರುಂಟು. 1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿ ಉಪ್ಪಿನ ಕಾಯಿದೆಯನ್ನು ಮುರಿದರು. ಅನಂತರದ ಕರನಿರಾಕರಣೆಯಲ್ಲಿ ಸೂರ್ವೆ ಮೊದಲಾದ ಹಳ್ಳಿಗಳ ರೈತರು ಹೊಲ, ಮನೆ, ದನಕರುಗಳನ್ನು ಕಳೆದುಕೊಂಡರು. ಆ ದಿನಗಳಲ್ಲಿ ಖಾದಿಯನ್ನು ಉಡುವುದೆಂದರೆ ಪಕ್ಷವನ್ನು ತೋರಿಸಿಕೊಂಡಂತೆ. ಹತ್ತಿ ಬೆಳೆಯದ ಈ ನೆಲದ ಗೃಹಸ್ಥರು ತಮ್ಮ ಅರಿವೆಯನ್ನು ಯಾರ ಕೈ ನೂಲಿತು, ಯಾರ ಮಗ್ಗ ನೇಯ್ದಿತು ಎಂಬ ಪ್ರಶ್ನೆಯನ್ನು ಮನೆಯೊಳಗೆ ತಂದುಕೊಂಡುದು ಆಗಲೇ.

ಆ ಪ್ರಶ್ನೆಗೆ ಇನ್ನೊಂದು ಮುಖವಿತ್ತು: ನೂಲುವವಳಿಗೆ ಸಿಕ್ಕುವುದೆಷ್ಟು? ಗಾಂಧೀಜಿಯವರು 1934ರಲ್ಲಿ ಹರಿಜನಯಾತ್ರೆಯ ನಿಮಿತ್ತವಾಗಿ ಈ ಜಿಲ್ಲೆಗೆ ಬಂದುಹೋದರು. ಮರುವರ್ಷವೇ ಅವರು ಖಾದಿಯ ಲೆಕ್ಕಪುಸ್ತಕವನ್ನು ಬಿಡಿಸಿ ಇದನ್ನು ಕೇಳಿದರು. ಕೊಳ್ಳುವವನಿಗೆ ಅಗ್ಗವಾಗಲೆಂದು ಇಷ್ಟು ದಿನ ನೂಲುವವಳ ಕೂಲಿಯನ್ನು ಕೆಳಗಿಟ್ಟೆವಲ್ಲಾ ಎಂಬುದು ಅವರ ಕೊರಗು. ಗಂಟೆಗೆ ಒಂದಾಣೆಯಂತೆ ಎಂಟು ಗಂಟೆಯ ಕೆಲಸಕ್ಕೆ ಎಂಟಾಣೆ ಕೊಡಬೇಕೆಂದರು. 1935ರ ಅಕ್ಟೋಬರಿನಲ್ಲಿ ಅಖಿಲ ಭಾರತ ಚರಕಾ ಸಂಘವು ಒಂದು ನಿರ್ಣಯವನ್ನು ಮಾಡಿತು: ಎಂಟು ಗಂಟೆ ನೂತವಳಿಗೆ ಶಾಸ್ತ್ರೀಯವಾಗಿ ಗೊತ್ತುಮಾಡಿದ ಆಹಾರಕ್ಕೂ ವರ್ಷಕ್ಕೆ 20 ಗಜ ಅರಿವೆಗೂ ಸಾಲುವಷ್ಟು ಕೂಲಿ ಸಿಕ್ಕಲೇಬೇಕು. ಎಂಟಾಣೆಯು ಆಚರಣೆಗೆ ಬರಲಿಲ್ಲ, ಮೂರಾಣೆಯಿಂದ ಪ್ರಾರಂಭಿಸಿದರು. ಅಷ್ಟಕ್ಕೇ ಖಾದಿಯ ಬೆಲೆ ಏರಿ ಗಿರಾಕಿಗಳು ಗೊಣಗಿದರು. ಊರಿಗೆಲ್ಲ ಅರಿವೆಯನ್ನು ಒದಗಿಸುವವಳಿಗೆ ಇಪ್ಪತ್ತು ಗಜ ದೊರೆಯಬೇಕಾದರೆ ಒಂದು ಠರಾವು ಬೇಕಾಯಿತು!

ಅಂಕೋಲೆಯಿಂದ ಆರಬೈಲು ಘಟ್ಟವನ್ನೇರಿದ ರಸ್ತೆಯು ಯಲ್ಲಾಪುರದ ಮೇಲಿಂದ ಹುಬ್ಬಳ್ಳಿಗೆ ಹೋಗುತ್ತದೆ. ಆ ಊರಿನ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘವನ್ನು ನಾವು ಹಿಂದೊಮ್ಮೆ ನೋಡಿದ್ದೆವು. 1957ರಲ್ಲಿ ಸ್ಥಾಪಿತವಾದ ಈ ಸಂಘವು ಸುಮಾರು ಎರಡು ದಶಕಗಳಿಂದ ಪ್ರಮಾಣಬದ್ಧವಾದ ರಾಷ್ಟ್ರಧ್ವಜವನ್ನು ಸಿದ್ಧಪಡಿಸುತ್ತಿದೆ. ಧ್ವಜದ ಅರಿವೆಯು ಬಾಗಲಕೋಟೆಯ ಕಡೆಯ ತುಳಸಿಗೇರಿಯಿಂದ ಬರುವುದು. ಬಿಳುಪು ಮಾಡಿ, ಬಣ್ಣ ಕಟ್ಟಿ, ಇಪ್ಪತ್ತನಾಲ್ಕು ಅರಗಳ ಚಕ್ರವನ್ನು ಎರಡು ಮಗ್ಗುಲಿನಲ್ಲಿಯೂ ಒಂದಕ್ಕೊಂದು ಕೂದಲೆಳೆಯೂ ತಪ್ಪದಂತೆ ಒತ್ತಿ, ಪಟ್ಟಿಗಳನ್ನು ಹೊಲೆಯುವರು. ಆರು ಇಂಚಿನ ಮೇಜಿನ ಧ್ವಜದಿಂದ 21 ಅಡಿ ಉದ್ದದ ಧ್ವಜದವರೆಗೆ ಒಂಬತ್ತು ಅಳತೆಗಳು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು. ಚಕ್ರವು ಓರೆಯಾದರೆ, ಬಣ್ಣವು ತುಸು ಬೇರೆಯಾದರೆ ಧ್ವಜವೇ ತಿರಸ್ಕೃತ. ಅಲ್ಲಿಯೂ ಯಾರೂ ಸುಖದ ಸುಪ್ಪತ್ತಿಗೆಯಲ್ಲಿಲ್ಲ. ನೂಲುವವಳಿಗೆ ಲಡಿಯ ಲೆಕ್ಕದಲ್ಲಿ ಕೂಲಿ, ಅದು ಬಹಳವಲ್ಲ. ಆದರೆ ಧ್ವಜವನ್ನು ಕೈಯಿಂದ ನೂತು ಕೈಯಿಂದ ನೇಯ್ದ ಖಾದಿಯಿಂದಲೇ ಮಾಡತಕ್ಕದ್ದೆಂಬ ನಿಯಮವಿದ್ದುದರಿಂದ ಕೆಲಸವು ತಪ್ಪುತ್ತಿರಲಿಲ್ಲ. 2021ರ ಡಿಸೆಂಬರ್ 30ರಂದು ಆ ನಿಯಮವು ತಿದ್ದುಪಡಿಯಾಗಿ ಯಂತ್ರದಿಂದ ಮಾಡಿದ ಪಾಲಿಯೆಸ್ಟರ್ ಧ್ವಜಕ್ಕೂ ಒಪ್ಪಿಗೆ ಸಿಕ್ಕಿತು. 2022ರಲ್ಲಿ ದೇಶದ ಮನೆಮನೆಯ ಮೇಲೂ ಧ್ವಜವು ಹಾರಿದಾಗ ಬೆಂಗೇರಿಯವರು ಪ್ರತಿಭಟನೆಗೆ ಕುಳಿತಿದ್ದರು. ಮನೆಗೊಂದು ಧ್ವಜವೆಂಬುದು ಸಂತೋಷದ ಸಂಗತಿಯೇ. ಅದನ್ನು ನೂಲುತ್ತಿದ್ದವರ ಕೈ ಆ ವರ್ಷವೇ ಬರಿದಾಗಬೇಕಾಗಿತ್ತೆ ಎಂಬುದಷ್ಟೇ ನಮ್ಮ ಪ್ರಶ್ನೆ.

ನಮ್ಮ ಹಳ್ಳಿಯ ಶಾಲೆಯ ಧ್ವಜವು ಮಳೆಗಾಳಿಗೆ ಹರಿದಿತ್ತು. ಅದಕ್ಕೊಂದು ಹೊಸದನ್ನು ಕೊಡಬೇಕೆಂದು ಅಂಕೋಲೆಯ ಪೇಟೆಯಲ್ಲಿ ಒಂದು ಅಂಗಡಿಯನ್ನು ಹೊಕ್ಕೆವು. ಅಂಗಡಿಯವನು ಮಿರುಗುವ ಧ್ವಜಗಳ ಕಟ್ಟನ್ನೇ ಬಿಚ್ಚಿ ಹರಡಿದನು. ಖಾದಿಯದನ್ನು ಕೇಳಿದುದಕ್ಕೆ, “ಅದನ್ನು ಹುಬ್ಬಳ್ಳಿಯಿಂದ ತರಿಸಬೇಕು ಮಾಸ್ತರರೇ. ಎಂಟು ದಿನವಾದೀತು. ಬೆಲೆಯೂ ಹೆಚ್ಚು, ಮಳೆಗೆ ಇದೇ ತಾಳುತ್ತದೆ” ಎಂದನು. ಅವನು ಹೇಳಿದ ಬೆಲೆಯನ್ನು ಕೇಳಿ ನಾವು ಒಂದು ಗಳಿಗೆ ಸುಮ್ಮನಾದುದು ನಿಜ. ನಿವೃತ್ತಿವೇತನದ ತಿಂಗಳ ಕೊನೆ. ನಮ್ಮ ಮನೆಯವರು ಕೈಚೀಲವನ್ನು ತೆರೆದು ಮುಂಗಡದ ಹಣವನ್ನು ಎಣಿಸಿಟ್ಟರು. ಅಂಗಡಿಯವನು ಚೀಟಿಯ ಮೇಲೆ ನಮ್ಮ ಊರನ್ನೂ, ಅದರ ಕೆಳಗೆ ಧ್ವಜದ ಅಳತೆಯನ್ನೂ ಬರೆದುಕೊಂಡನು: ಉದ್ದ ಮೂರು ಅಡಿ, ಅಗಲ ಎರಡು ಅಡಿ.