ಕಡಲ ನಡುವೆ ಬಟ್ಟೆ ಒಗೆದದ್ದು

ಹಡಗಿನಲ್ಲಿ ಪ್ರವಾಸ ಹೋಗಿ ಬಂದವರನ್ನು ಜನ ಏನು ಕೇಳುತ್ತಾರೆ? ಊಟ ಹೇಗಿತ್ತು, ಅಲೆ ಜೋರಿತ್ತೇ, ವಾಂತಿ ಬಂತೇ, ಖರ್ಚೆಷ್ಟಾಯಿತು? ನಾವಿಬ್ಬರು ಅಕ್ಕತಂಗಿಯರು ಉಮ್ಮನ ಜೊತೆ ಏಳು ರಾತ್ರಿ ಹಡಗಿನಲ್ಲಿದ್ದು ಬಂದಾಗ ನಮ್ಮನ್ನೂ ಹೀಗೆಯೇ ಕೇಳಿದರು. ನಾವೂ ಅದಕ್ಕೆ ತಕ್ಕ ಉತ್ತರ ಕೊಟ್ಟೆವು, ಫೋಟೋ ತೋರಿಸಿದೆವು. ಆದರೆ ಆ ಪ್ರವಾಸ ನೆನಪಾದಾಗಲೆಲ್ಲ ನಮ್ಮ ಕಣ್ಣ ಮುಂದೆ ಬರುವುದು ಸಮುದ್ರವಲ್ಲ. ಕಿಟಕಿಯಿಲ್ಲದ ಒಂದು ಪುಟ್ಟ ಕೋಣೆ, ಅದರೊಳಗೆ ಸದ್ದು ಮಾಡುತ್ತಿದ್ದ ನಾಲ್ಕು ವಾಷಿಂಗ್ ಮೆಷಿನ್‌ಗಳು. ಈ ಕಥೆಯನ್ನು ಇಷ್ಟು ದಿನ ಯಾರಿಗೂ ಹೇಳಿರಲಿಲ್ಲ. ಈಗ ಉಮ್ಮನೇ, "ಬರೆಯಿರಿ, ನನ್ನಂಥವರು ಎಷ್ಟು ಮಂದಿ ಇದ್ದಾರೋ" ಎಂದದ್ದರಿಂದ ಬರೆಯುತ್ತಿದ್ದೇವೆ.

ನಮ್ಮ ತಮ್ಮ ಹದಿನೈದು ವರ್ಷಗಳಿಂದ ದುಬೈಯಲ್ಲಿ ದುಡಿಯುತ್ತಿದ್ದ. 2023ರ ಜನವರಿಯಲ್ಲಿ ಉಮ್ಮನನ್ನೂ ನಮ್ಮಿಬ್ಬರನ್ನೂ ಕರೆಸಿಕೊಂಡು, ಹಡಗಿನಲ್ಲಿ ಮಸ್ಕತ್, ದೋಹಾ, ಅಬುಧಾಬಿ ತೋರಿಸುತ್ತೇನೆಂದ. ಕೊಲ್ಲಿಯ ಬಿಸಿಲು ಇಳಿಯುವ ಚಳಿಗಾಲದಲ್ಲಿ ಯುರೋಪಿನ ದೊಡ್ಡ ಪ್ರವಾಸಿ ಹಡಗುಗಳು ಆ ಕಡೆ ಬರುತ್ತಿದ್ದವು. ನಮ್ಮ ಕರಾವಳಿಯ ಮನೆಗಳಿಗೆ ಗಲ್ಫ್ ಎಂದರೆ ದುಡಿಮೆ, ಬ್ಯಾಂಕ್ ಡ್ರಾಫ್ಟು, ಎರಡು ವರ್ಷಕ್ಕೊಮ್ಮೆ ಸಿಗುವ ರಜೆ. ಅಲ್ಲಿ ಮೋಜಿಗಾಗಿ ಹಡಗು ಹತ್ತುವವರೂ ಇದ್ದಾರೆಂಬುದು ಎಪ್ಪತ್ತೊಂದು ವರ್ಷದ ಉಮ್ಮನಿಗೆ ವಿಚಿತ್ರವಾಗಿ ಕಂಡಿತು. ಆದರೂ ಮಗ ಕರೆದನಲ್ಲ, ಬಂದರು.

ತಮ್ಮನ ಸಂಸಾರಕ್ಕೆ ಒಂದು ಕೋಣೆ, ನಮ್ಮ ಮೂವರಿಗೆ ಒಂದು. ಅಲ್ಲಿ ಪೆಟ್ಟಿಗೆ ಬಿಚ್ಚಿದಾಗ ನಮಗೆ ನಗು ತಡೆಯಲಾಗಲಿಲ್ಲ. ಏಳು ದಿನಕ್ಕೆ ಉಮ್ಮ ಹದಿನಾಲ್ಕು ಜೊತೆ ಬಟ್ಟೆ ತಂದಿದ್ದರು. ಅದರಡಿಯಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಟ್ಟ 501 ಬಾರ್ ಸೋಪು, ಚಾಕುವಿನಿಂದ ಕೊಯ್ದ ಆರು ತುಂಡು. "ಉಮ್ಮಾ, ಇಲ್ಲಿ ಒಗೆಯುವ ಕಲ್ಲು ಎಲ್ಲಿದೆ, ಅದನ್ನೂ ತರಬೇಕಿತ್ತಲ್ಲ!" ಎಂದು ತಮಾಷೆ ಮಾಡಿದೆವು. ಅವರು ನಗಲಿಲ್ಲ.

ಮೊದಲ ರಾತ್ರಿ ಎರಡು ಗಂಟೆಗೆ ನೀರಿನ ಸದ್ದಿಗೆ ಎಚ್ಚರವಾಯಿತು. ಹಡಗಿನ ಬಚ್ಚಲೆಂದರೆ ಒಬ್ಬರು ನಿಂತು ತಿರುಗಲು ಮಾತ್ರ ಜಾಗ. ಉಮ್ಮ ಅಲ್ಲಿ ಕೈತೊಳೆಯುವ ಬೇಸಿನ್ನಿನಲ್ಲಿ ಬಟ್ಟೆ ಹಿಂಡುತ್ತಿದ್ದರು. ಸ್ನಾನದ ಜಾಗದಲ್ಲಿ ಗೋಡೆಗೆ ಅಂಟಿದ ಗುಂಡಗಿನ ಡಬ್ಬಿಯಿಂದ ಎಳೆದರೆ ಒಂದು ಸಣ್ಣ ಹಗ್ಗ ಬರುತ್ತದೆ, ಈಜಿ ಬಂದವರು ಒದ್ದೆ ಬಟ್ಟೆ ಹಾಕಲೆಂದು ಇಟ್ಟದ್ದು. ನಾವದನ್ನು ಗಮನಿಸಿಯೇ ಇರಲಿಲ್ಲ. ಉಮ್ಮ ಆಗಲೇ ಕಂಡುಹಿಡಿದಿದ್ದರು!

"ರಜೆಗೆ ಬಂದಲ್ಲೂ ಬಟ್ಟೆ ಒಗೆಯಬೇಕೇ? ನಿದ್ದೆ ಮಾಡಲು ಬಿಡಿ ಉಮ್ಮಾ" ಎಂದು ನಾವು ರೇಗಿದೆವು. "ಅಭ್ಯಾಸ ಮಕ್ಕಳೇ" ಎಂದು ಅವರು ದೀಪ ಆರಿಸಿದರು.

ಬೆಳಿಗ್ಗೆ ನೋಡಿದರೆ ಬಟ್ಟೆ ಇನ್ನೂ ತಣ್ಣಗೆ, ಒದ್ದೆಯಾಗಿಯೇ ಇತ್ತು. ಬಾಲ್ಕನಿ ಇದ್ದ ಕೋಣೆಗಳಲ್ಲೂ ಬಟ್ಟೆ ಹರವುವಂತಿಲ್ಲ, ಗಾಳಿಗೆ ಹಾರಿ ಹೋಗುತ್ತದೆ. ಇಸ್ತ್ರಿಪೆಟ್ಟಿಗೆ ತರುವಂತಿಲ್ಲ. ಹಡಗಿನವರಿಗೆ ಬಿರುಗಾಳಿಯಷ್ಟೇ ಬೆಂಕಿಯ ಭಯ. ಕಡಲ ನಡುವೆ ಬೆಂಕಿ ಬಿದ್ದರೆ ಓಡುವುದೆಲ್ಲಿಗೆ? ಕಪಾಟಿನಲ್ಲಿ ಒಂದು ಚೀಲವೂ ಬೆಲೆಪಟ್ಟಿಯೂ ಇತ್ತು. ಚೀಲದಲ್ಲಿ ಹಾಕಿಟ್ಟರೆ ಅವರೇ ಒಗೆದು ಕೊಡುತ್ತಾರೆ, ಒಂದೊಂದು ಬಟ್ಟೆಗೆ ಒಂದೊಂದು ದರ. ಒಂದು ಕಮೀಜಿನ ದರವನ್ನು ನಾವು ರೂಪಾಯಿಗೆ ತಿರುಗಿಸಿ ಹೇಳಿದಾಗ ಉಮ್ಮ, "ಈ ದುಡ್ಡಿಗೆ ಊರಲ್ಲಿ ಹೊಸತೇ ಬರುತ್ತದೆ" ಎಂದು ಚೀಲವನ್ನು ಮಡಚಿ ಒಳಗಿಟ್ಟರು.

ಆ ದಿನವಿಡೀ ಹಡಗು ಕಡಲಲ್ಲೇ ಇತ್ತು. ನಮ್ಮ ಕೋಣೆ ನೋಡಿಕೊಳ್ಳುತ್ತಿದ್ದ ಹುಡುಗ ಇಂಡೋನೇಷ್ಯಾದವನು. ಉಮ್ಮನನ್ನು ಕಂಡೊಡನೆ ಸಲಾಂ ಹೇಳಿ 'ಇಬು' ಎಂದು ಕರೆದ. ಅವರ ಭಾಷೆಯಲ್ಲಿ ಅಮ್ಮ ಎಂದರ್ಥ. ಹಗ್ಗದಲ್ಲಿ ತೂಗುತ್ತಿದ್ದ ಬಟ್ಟೆ ನೋಡಿ, ಮೇಲಿನ ಅಂತಸ್ತಿನಲ್ಲಿ ನಾವೇ ಒಗೆದುಕೊಳ್ಳಬಹುದಾದ ಲಾಂಡ್ರಿ ಕೋಣೆ ಇದೆಯೆಂದು ಅವನೇ ಹೇಳಿದ. ಎಲ್ಲ ಹಡಗುಗಳಲ್ಲಿ ಇದಿರುವುದಿಲ್ಲವಂತೆ.

ನಾಲ್ಕು ವಾಷಿಂಗ್ ಮೆಷಿನ್, ನಾಲ್ಕು ಡ್ರೈಯರ್, ಎರಡು ಇಸ್ತ್ರಿ ಮೇಜು. ಕೋಣೆಯ ಕಾರ್ಡು ತೋರಿಸಿದರೆ ಮೆಷಿನ್ ತಿರುಗುತ್ತದೆ, ದುಡ್ಡು ಲೆಕ್ಕಕ್ಕೆ ಸೇರುತ್ತದೆ. ಮೇಲೆ ಈಜುಕೊಳದ ಸುತ್ತ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ, ಇಲ್ಲಿ ಮಾತ್ರ ಊರಿನ ಬಾವಿಕಟ್ಟೆಯ ಹಾಗೆ ಮಾತೋ ಮಾತು. ಒಬ್ಬ ಜರ್ಮನ್ ಅಜ್ಜ ಹೆಂಡತಿಯ ರವಿಕೆಗಳನ್ನು ಅಚ್ಚುಕಟ್ಟಾಗಿ ಮಡಚುತ್ತಿದ್ದ. ಅದನ್ನು ಕಂಡು ಉಮ್ಮ ನಮ್ಮ ಕಿವಿಯಲ್ಲಿ, "ನಿಮ್ಮ ಬಾಪ ಇದನ್ನು ನೋಡಬೇಕಿತ್ತು" ಎಂದರು.

ಇಷ್ಟೊಂದು ನೀರು ಎಲ್ಲಿಂದ ಎಂಬುದು ಉಮ್ಮನ ಪ್ರಶ್ನೆ. ಬೇಸಿಗೆಯಲ್ಲಿ ಬಾವಿಯ ತಳ ನೋಡಿದವರ ಪ್ರಶ್ನೆ ಅದು. ಇಂಥ ಹಡಗುಗಳು ಬಂದರಿನಲ್ಲಿ ನೀರು ತುಂಬಿಸಿಕೊಳ್ಳುವುದೂ ಉಂಟು, ಸಮುದ್ರದ ನೀರನ್ನೇ ಆವಿ ಮಾಡಿ ತಣಿಸಿ, ಇಲ್ಲವೇ ತೆಳು ಪರದೆಯ ಮೂಲಕ ಒತ್ತಿ ಹಾಯಿಸಿ ಸಿಹಿನೀರು ಮಾಡಿಕೊಳ್ಳುವುದೂ ಉಂಟು. ಇದನ್ನು ವಿವರಿಸಿದಾಗ ಉಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಈ ನೀರು ಕಡಿಮೆ ಖರ್ಚು ಮಾಡಬೇಕು" ಎಂದರು. ನಮಗೆ ಆಗ ಹೊಳೆಯದ ಒಂದು ವಿಷಯವಿದೆ. ಉಮ್ಮ ಅಂದು ಮೆಷಿನ್‌ಗೆ ಹಾಕಿದ್ದು ನಮ್ಮಿಬ್ಬರ ಬಟ್ಟೆ, ತಮ್ಮನ ಮಕ್ಕಳ ಬಟ್ಟೆ, ತಮ್ಮದೆರಡು ದುಪಟ್ಟಾ. ಅವರ ಉಳಿದ ಬಟ್ಟೆಗಳು ಮೆಷಿನ್‌ಗೆ ಬರಲೇ ಇಲ್ಲ. ರಾತ್ರಿ ಮತ್ತೆ ನೀರಿನ ಸದ್ದು.

ಮೂರನೆಯ ದಿನ ಮಸ್ಕತ್. ಹಡಗು ನಿಲ್ಲುವುದು ಮತ್ರಾಹ್‌ನ ಹಳೆಯ ಬಂದರಿನಲ್ಲಿ. ಸುತ್ತ ಒಣ ಕಲ್ಲುಬೆಟ್ಟ, ಕೆಳಗೆ ಬಿಳಿ ಕಟ್ಟಡಗಳ ಸಾಲು, ನಡೆದುಹೋಗುವಷ್ಟು ದೂರದಲ್ಲಿ ಹಳೆಯ ಪೇಟೆ. ಉಮ್ಮ ಬರುವುದಿಲ್ಲವೆಂದರು. ಮಂಡಿ ನೋವು ಎಂದರು, ಬಿಸಿಲು ಎಂದರು. ತಮ್ಮ ಬೇಸರದಿಂದ, "ನಿಮಗಾಗಿಯೇ ಇಷ್ಟು ಖರ್ಚು ಮಾಡಿದ್ದು" ಎಂದುಬಿಟ್ಟ. ಉಮ್ಮ ತಲೆ ತಗ್ಗಿಸಿದರು. ನಾವೂ ಸಮಾಧಾನ ಮಾಡಲಿಲ್ಲ, ಹೊರಟೆವು. ಲೋಬಾನ ಕೊಂಡೆವು, ಹಲ್ವ ಕೊಂಡೆವು, ಸಂಜೆ ಮರಳಿದೆವು.

ಉಮ್ಮ ಮಲಗಿದ್ದರು. ತುಟಿ ಒಣಗಿತ್ತು, ಎದ್ದರೆ ತಲೆಸುತ್ತು. ಬೆಳಗಿನಿಂದ ಏನು ಕುಡಿದಿರಿ ಎಂದರೆ ಅರ್ಧ ಲೋಟ ಚಹಾ. ನಾವು ಗಾಬರಿಯಿಂದ ನೀರು ಹಿಡಿದರೆ ಕೈಯಿಂದ ದೂರ ತಳ್ಳಿದರು.

"ನೀರು ಬೇಡ. ನೀರು ಕುಡಿದದ್ದಕ್ಕೇ ಅಲ್ಲವೇ ಈ ಫಜೀತಿ."

ಆಮೇಲೆ ಎಲ್ಲ ಹೇಳಿದರು. ಕೆಮ್ಮಿದರೆ, ಸೀನಿದರೆ, ನಕ್ಕರೆ ಮೂತ್ರ ಹನಿಯುತ್ತದೆ. ಕೆಲವೊಮ್ಮೆ ಅವಸರವಾಗಿ, ಬಚ್ಚಲು ತಲುಪುವುದರೊಳಗೆ ಬಟ್ಟೆ ಒದ್ದೆ. ಹೀಗಾಗುತ್ತಿರುವುದು ಏಳೆಂಟು ವರ್ಷಗಳಿಂದ. ಒದ್ದೆ ಬಟ್ಟೆಯಲ್ಲಿ ನಮಾಜ್ ಆಗದು, ಆದ್ದರಿಂದ ದಿನಕ್ಕೆ ಮೂರು ನಾಲ್ಕು ಸಲ ಬಟ್ಟೆ ಬದಲಿಸಬೇಕು, ಬದಲಿಸಿದ್ದನ್ನು ಯಾರೂ ನೋಡದ ಹಾಗೆ ಒಗೆಯಬೇಕು. ಮದುವೆ ಮನೆಗಳಿಗೆ ಹೋಗುವುದನ್ನು ಅವರು ಬಿಟ್ಟದ್ದು, ಬಸ್ಸಿನ ಪ್ರಯಾಣವೆಂದರೆ ಹಿಂಜರಿದದ್ದು, ನಮ್ಮ ಮನೆಗೆ ಬಂದರೂ ರಾತ್ರಿ ಉಳಿಯದೆ ಹೊರಟದ್ದು, ಎಲ್ಲಕ್ಕೂ ಮಂಡಿ ನೋವಿನ ಹೆಸರು ಹೇಳುತ್ತಿದ್ದರು. ನಾವೂ ಮಂಡಿಗೆ ಎಣ್ಣೆ ತಂದುಕೊಡುತ್ತಿದ್ದೆವು!

ಹಿಂದಿನ ರಾತ್ರಿ ಹಾಸಿಗೆಯೂ ಒದ್ದೆಯಾಗಿತ್ತು. ನಾವು ಮಸ್ಕತ್ ನೋಡಲು ಹೋದ ಮೇಲೆ ಉಮ್ಮ ಹಾಸಿಗೆಯ ಬಟ್ಟೆ ಎಳೆದು ಆ ಇಕ್ಕಟ್ಟಿನ ಬಚ್ಚಲಲ್ಲಿ ಒಗೆಯಲು ತೊಡಗಿದ್ದರು. ಆಗ ಕೋಣೆ ಗುಡಿಸುವ ಹುಡುಗ ಬಂದ. ನೀರು ಸುರಿಯುತ್ತಿದ್ದ ಬಟ್ಟೆಯನ್ನು ಉಮ್ಮನ ಕೈಯಿಂದ ಮೆಲ್ಲಗೆ ತೆಗೆದುಕೊಂಡು, ಬರುವಷ್ಟು ಇಂಗ್ಲಿಷಿನಲ್ಲಿ, ಬರದಷ್ಟನ್ನು ಕೈಸನ್ನೆಯಲ್ಲಿ, ಇದು ನನ್ನ ಕೆಲಸ ಇಬು ಎಂದ. ಹೊಸ ಬಟ್ಟೆ ಹಾಸಿದ. ಅದರ ಕೆಳಗೆ ನೀರು ಇಳಿಯದ ಒಂದು ಹೊದಿಕೆಯನ್ನೂ ಹಾಸಿದ. ಮೂರೂ ಹಾಸಿಗೆಗಳಿಗೆ ಹಾಸಿದ್ದ! ಒಂದಕ್ಕೇ ಹಾಸಿದರೆ ಯಾರದ್ದೆಂದು ತಿಳಿಯುತ್ತದಲ್ಲ.

ಇದನ್ನು ಹೇಳುವಾಗ ಉಮ್ಮ ಅತ್ತರು. ನಮಗೂ ತಡೆಯಲಾಗಲಿಲ್ಲ. ಮೂರು ದಿನದ ಪರಿಚಯದ ಹುಡುಗನಿಗೆ ಕಂಡದ್ದು ಹೆತ್ತ ಹೆಣ್ಣುಮಕ್ಕಳಾದ ನಮಗೆ ಇಷ್ಟು ವರ್ಷ ಕಾಣಲಿಲ್ಲ. ನಾವು ಕಂಡದ್ದು ಬರೀ ಸೋಪಿನ ತುಂಡು, ಕೇಳಿದ್ದು ಬರೀ ನೀರಿನ ಸದ್ದು.

ಆ ರಾತ್ರಿ ಹನ್ನೊಂದು ಗಂಟೆಗೆ ನಾವು ಮೂವರೂ ಲಾಂಡ್ರಿ ಕೋಣೆಗೆ ಹೋದೆವು. ಮೇಲೆ ಎಲ್ಲೋ ಹಾಡು ಕುಣಿತ ನಡೆಯುತ್ತಿತ್ತು, ಇಲ್ಲಿ ಯಾರೂ ಇರಲಿಲ್ಲ. ಬಚ್ಚಲಲ್ಲಿ ಅಡಗಿಸಿಟ್ಟಿದ್ದನ್ನೆಲ್ಲ ಮೆಷಿನ್‌ಗೆ ತುಂಬಿದೆವು. "ನಾನೇ ಹಾಕುತ್ತೇನೆ, ನೀವು ಮುಟ್ಟಬೇಡಿ" ಎಂದರು ಉಮ್ಮ. "ನಮ್ಮ ಬಟ್ಟೆ ನೀವು ಎಷ್ಟು ವರ್ಷ ಒಗೆದಿರಿ ಉಮ್ಮಾ?" ಎಂದೆವು. ಮಳೆಗಾಲದಲ್ಲಿ ಹಸುಗೂಸುಗಳ ಬಟ್ಟೆ ಒಣಗದೆ, ಬಚ್ಚಲ ಒಲೆಯ ಮೇಲೆ ಬಿದಿರು ಕಟ್ಟಿ, ಹೊಗೆಯ ವಾಸನೆ ಹತ್ತಿದರೂ ಬೆಚ್ಚಗಿನ ಬಟ್ಟೆ ತೊಡಿಸಿದವರು ಅವರು. ಐವರನ್ನು ಹೆತ್ತವರು. ಹೆತ್ತು ಹದಿನೈದನೇ ದಿನಕ್ಕೆ ಬಾವಿಯಿಂದ ನೀರು ಸೇದಿದವರು. ಡ್ರೈಯರ್ ಬಿಸಿಯಾಗುತ್ತಿದ್ದಂತೆ ಅದಕ್ಕೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತು ಈ ಕಥೆಗಳನ್ನೆಲ್ಲ ಹೇಳಿದರು. ಅಷ್ಟು ಹೊತ್ತು ಉಮ್ಮನ ಮಾತು ಕೇಳಿ ಎಷ್ಟು ಕಾಲವಾಗಿತ್ತು!

ಮರುದಿನ ಮತ್ತೆ ಪೂರ್ತಿ ಕಡಲು. ಹುಡುಗನಿಗೆ ಧನ್ಯವಾದ ಹೇಳಲು ಹೋದರೆ ಅವನು ಸಂಕೋಚದಿಂದ ನಕ್ಕ. ಹಾಸಿಗೆಯ ಬಟ್ಟೆಗಳೆಲ್ಲ ಹಡಗಿನ ತಳ ಅಂತಸ್ತಿನ ದೊಡ್ಡ ಲಾಂಡ್ರಿಗೆ ಹೋಗುತ್ತವೆ, ಪ್ರತಿದಿನ ಸಾವಿರಾರು, ಅಲ್ಲಿಯವರು ಏನೇ ಕಂಡರೂ ಯಾರಿಗೂ ಹೇಳುವುದಿಲ್ಲ ಎಂದ. ಊರಿಗೆ ಹೋಗಿ ಏಳು ತಿಂಗಳಾಯಿತಂತೆ. ದುಡಿಮೆಗಾಗಿ ಕಡಲು ದಾಟಿದವರ ಮನೆಯಿಂದಲೇ ಬಂದ ನಮಗೆ ಆ ಮಾತು ಹೊಸತಲ್ಲ. ಕಡಲಿನ ಕೆಲಸಗಾರರಿಗಾಗಿ 2006ರಲ್ಲಿ ಆದ ಅಂತಾರಾಷ್ಟ್ರೀಯ ಒಪ್ಪಂದವೊಂದು 2013ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ವಾರಕ್ಕೆ 77 ಗಂಟೆಯಾದರೂ ವಿಶ್ರಾಂತಿ ಕೊಡಬೇಕು, ಅಥವಾ 72 ಗಂಟೆಗಿಂತ ಹೆಚ್ಚು ದುಡಿಸಬಾರದು. ನಮ್ಮೂರಿನ ಆಫೀಸುಗಳಲ್ಲಿ ವಾರಕ್ಕೆ 48 ಗಂಟೆ ಕೆಲಸವೆಂದರೆ ನಾವು ಗೊಣಗುತ್ತೇವೆ. ನಮ್ಮ ರಜೆ ಇನ್ನೊಬ್ಬರ ಇಷ್ಟು ದುಡಿಮೆಯ ಮೇಲೆ ತೇಲುತ್ತದೆ. ಉಮ್ಮ ಮಸ್ಕತ್ತಿನ ಹಲ್ವದ ಡಬ್ಬಿಯನ್ನು ಅವನ ಕೈಗಿಟ್ಟರು.

ದೋಹಾದಲ್ಲಿ ಉಮ್ಮ ಇಳಿದರು. ತಮ್ಮನ ಹೆಂಡತಿ ಹಡಗಿನ ಅಂಗಡಿಯಿಂದ ಪ್ಯಾಡ್ ತಂದುಕೊಟ್ಟಿದ್ದಳು. ತಮ್ಮನಿಗೆ ನಾವು ಹೇಳಬೇಕಾದಷ್ಟು ಹೇಳಿದೆವು, ಅವನು ಗಂಟೆಗೊಮ್ಮೆ ಎಲ್ಲಾದರೊಂದು ಕಡೆ ಚಹಾದ ನೆಪದಲ್ಲಿ ಗಾಡಿ ನಿಲ್ಲಿಸಿದ. ಮಸ್ಕತ್ತಿನ ದಿನ ಆಡಿದ ಮಾತಿಗೆ ಕ್ಷಮೆ ಕೇಳಲು ಅವನಿಗೆ ಬಾಯಿ ಬರಲಿಲ್ಲ. ದಾರಿಯುದ್ದಕ್ಕೂ ಉಮ್ಮನ ಕೈ ಹಿಡಿದೇ ನಡೆದ.

ಊರಿಗೆ ಬಂದ ಮೇಲೆ ಒಬ್ಬ ವೈದ್ಯೆಯ ಬಳಿ ಹೋದೆವು. ಹೆರಿಗೆಗಳಿಂದ, ವಯಸ್ಸಿನಿಂದ ಕಿಬ್ಬೊಟ್ಟೆಯ ಕೆಳಗಿನ ಸ್ನಾಯುಗಳು ಸಡಿಲವಾದಾಗ ಹೀಗಾಗುತ್ತದೆ, ಸಕ್ಕರೆ ಕಾಯಿಲೆ, ಮೂತ್ರದ ಸೋಂಕು, ಬಿಡದ ಕೆಮ್ಮು, ಮಲಬದ್ಧತೆ ಇದನ್ನು ಹೆಚ್ಚಿಸಬಹುದು ಎಂದರು. ನೀರು ಕುಡಿಯುವುದನ್ನು ಬಿಟ್ಟರೆ ಮೂತ್ರ ಗಾಢವಾಗಿ ಉರಿ, ಅವಸರ ಇನ್ನೂ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಮೂತ್ರವನ್ನು ತಡೆಯುವ ಸ್ನಾಯುಗಳನ್ನು ಬಿಗಿಹಿಡಿದು ಸಡಿಲಿಸುವ ವ್ಯಾಯಾಮವನ್ನು ಕಲಿಸಿದರು. ಅಮೆರಿಕದ ವೈದ್ಯ ಕೆಗೆಲ್ 1948ರಲ್ಲೇ ಇದರ ಬಗ್ಗೆ ಬರೆದಿದ್ದರಂತೆ. ಕುಳಿತಲ್ಲೇ ಮಾಡಬಹುದು, ದುಡ್ಡು ಬೇಡ, ಆದರೆ ತಿಂಗಳುಗಟ್ಟಲೆ ಬಿಡದೆ ಮಾಡಬೇಕು. ನಿರಂತರ ಮೂತ್ರ ಹನಿಯುವವರಿಗೆ ನಮಾಜಿನ ವಿಷಯದಲ್ಲಿ ರಿಯಾಯಿತಿ ಇದೆಯೆಂಬುದನ್ನು ಉಸ್ತಾದರು ಎರಡು ನಿಮಿಷದಲ್ಲಿ ಹೇಳಿದರು. ಇಷ್ಟು ವರ್ಷ ಉಮ್ಮ ಯಾರನ್ನೂ ಕೇಳಲಿಲ್ಲ, ಕೇಳುವಂಥ ಒಂದು ಜಾಗವೂ ಅವರಿಗಿರಲಿಲ್ಲ.

ತೊಂದರೆ ಪೂರ್ತಿ ಹೋಗಿಲ್ಲ, ಕಡಿಮೆಯಾಗಿದೆ. ಈಗ ಉಮ್ಮ ಮದುವೆಗಳಿಗೆ ಹೋಗುತ್ತಾರೆ, ನಮ್ಮ ಮನೆಗಳಲ್ಲಿ ರಾತ್ರಿ ಉಳಿಯುತ್ತಾರೆ. ಕೆಲವೊಮ್ಮೆ ನಡುರಾತ್ರಿ ಬಚ್ಚಲಿನಿಂದ ನೀರಿನ ಸದ್ದು ಕೇಳಿಸುತ್ತದೆ. ನಾವು ರೇಗುವುದಿಲ್ಲ, ಎದ್ದು ಹೋಗಿ, "ಇಲ್ಲಿ ಕೊಡಿ ಉಮ್ಮಾ" ಎನ್ನುತ್ತೇವೆ. ಅವರು ಕೊಡುತ್ತಾರೆ.