ಬೇಳೆ ಬೇಯುವ ನೀರು, ಮೀನು ಬಾಳುವ ನೀರು

ನೀರು ಒಳ್ಳೆಯದೋ ಕೆಟ್ಟದ್ದೋ ಎಂದು ತಿಳಿಯಲು ನಮ್ಮಮ್ಮನ ಹತ್ತಿರ ಇರುವುದು ಒಂದೇ ಪರೀಕ್ಷೆ: ತೊಗರಿಬೇಳೆ ಬೇಯುತ್ತದೋ ಇಲ್ಲವೋ. ಶೃಂಗೇರಿ ಕಡೆಯ ನಮ್ಮ ಮನೆಯ ಬಾವಿ ನೀರಿನಲ್ಲಿ ಬೇಳೆ ಬೆಣ್ಣೆಯ ಹಾಗೆ ಕರಗುತ್ತಿತ್ತು. 2024ರ ಮಾರ್ಚಿನಲ್ಲಿ ಅವಳು ನಮ್ಮ ಜೊತೆ ಇರಲು ಬೆಂಗಳೂರಿಗೆ ಬಂದಳು. ಬಂದ ವಾರವೇ ಒಂದು ಮಧ್ಯಾಹ್ನ ಕುಕ್ಕರಿನ ಮುಚ್ಚಳ ತೆಗೆದು, ಸೌಟಿನ ಬೆನ್ನಿನಿಂದ ಬೇಳೆ ಒತ್ತಿ ನೋಡಿ, "ಇದೆಂಥ ನೀರು ಮಗಾ, ಆರು ಸಲ ಕೂಗಿದ್ರೂ ಬೇಳೆ ಹಾಗೇ ಇದ್ಯಲ್ಲ" ಅಂದಳು.

ಅದು ಊರಿಗೆ ಊರೇ ನೀರಿಗಾಗಿ ಒದ್ದಾಡಿದ ಬೇಸಿಗೆ. ನಮ್ಮದು ನಗರದ ಹೊರಗಡೆಯ ಬಡಾವಣೆ. ಅಡುಗೆಮನೆಯ ಒಂದು ನಲ್ಲಿಗೆ ಮಾತ್ರ ಕಾವೇರಿ ಬರುತ್ತದೆ, ಉಳಿದದ್ದೆಲ್ಲ ಬೋರ್ ನೀರು. ಆ ಮಾರ್ಚಿನಲ್ಲಿ ಕಾವೇರಿ ನಲ್ಲಿ ನೂಲಿನಂತಾಯಿತು, ಬೋರ್‌ವೆಲ್ ಗಾಳಿ ಉಗುಳಿತು, ಸಂಪಿಗೆ ಟ್ಯಾಂಕರ್ ನೀರು ಬಿತ್ತು. ಟ್ಯಾಂಕರಿನವರು ಒಂದು ದಿನ ಒಂದು ಕೊಳವೆಬಾವಿಯದು, ಮರುದಿನ ಇನ್ನೊಂದರದು ತರುತ್ತಿದ್ದರು. ಕಣ್ಣಿಗೆ ಎಲ್ಲವೂ ಒಂದೇ ನೀರು.

ಬೇಳೆ ಬೇಯದ ಆ ವಾರವೇ ನನ್ನ ಮೀನುಗಳು ಸತ್ತವು. ಹಜಾರದಲ್ಲಿ ಎರಡಡಿ ಉದ್ದದ ಗಾಜಿನ ತೊಟ್ಟಿ, ಅದರಲ್ಲಿ ಹತ್ತು ನಿಯಾನ್ ಟೆಟ್ರಾ. ಬೆನ್ನುದ್ದಕ್ಕೂ ನೀಲಿ ಗೆರೆ, ಬಾಲದ ಕಡೆ ಕೆಂಪು, ಉದ್ದ ಒಂದೂವರೆ ಇಂಚೂ ಇಲ್ಲ. ಕಾವೇರಿ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ಇಟ್ಟು, ಕ್ಲೋರಿನ್ ಹಾರಿದ ಮೇಲೆ ಹಾಕುವುದು ನನ್ನ ಅಭ್ಯಾಸವಾಗಿತ್ತು. ಆ ದಿನ ಟ್ಯಾಂಕರ್ ನೀರನ್ನೇ ಹಾಗೆ ಇಟ್ಟು, ಒಂದೇ ಸಲಕ್ಕೆ ಅರ್ಧ ತೊಟ್ಟಿ ಬದಲಿಸಿದೆ. ಸಂಜೆಯ ಹೊತ್ತಿಗೆ ನೀಲಿ ಗೆರೆ ಮಸುಕಾಗಿತ್ತು. ಮೀನುಗಳು ಮೂಲೆಯಲ್ಲಿ ಗುಂಪಾಗಿ, ಕಿವಿರು ಬೇಗಬೇಗ ಬಡಿಯುತ್ತಾ ನಿಂತಿದ್ದವು. ಎರಡು ದಿನದಲ್ಲಿ ಏಳು ಹೋದವು. ಅವನ್ನು ಒಂದೊಂದಾಗಿ ಚಮಚದಲ್ಲಿ ಎತ್ತಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಆಮೇಲೆ ಟಿಡಿಎಸ್ ಮೀಟರ್ ತಂದೆ. ಪೆನ್ನಿನಷ್ಟು ದೊಡ್ಡದು, ತುದಿಯಲ್ಲಿ ಎರಡು ಲೋಹದ ಕಡ್ಡಿ. ಬಕೆಟ್ಟಿನಲ್ಲಿ ಉಳಿದಿದ್ದ ಟ್ಯಾಂಕರ್ ನೀರು 1140 ತೋರಿಸಿತು. ಎರಡು ದಿನ ಬಿಟ್ಟು ಸಣ್ಣಗೆ ಬಂದ ಕಾವೇರಿ ನೀರು 210. ಲೀಟರಿಗೆ ಎಷ್ಟು ಮಿಲಿಗ್ರಾಂ ಲವಣ ಕರಗಿದೆ ಎಂಬ ಅಂದಾಜು ಅದು. ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ 500, ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ. ಅಂದರೆ ಆ ಟ್ಯಾಂಕರ್ ನೀರು ಮಾನಕದ ಲೆಕ್ಕದಲ್ಲಿ ಪೂರ್ತಿ ಹೊರಗಿನದಲ್ಲ. ಬೇಳೆಗೆ ಮಾತ್ರ ಅದು ಹೊರಗಿನದೇ. ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಜೀವಕೋಶಗಳ ಗೋಡೆಯ ಪೆಕ್ಟಿನ್‌ಗೆ ಅಂಟಿಕೊಂಡು ಅದನ್ನು ಬಿಗಿಮಾಡಿಬಿಡುತ್ತದೆ, ಎಷ್ಟು ಬೇಯಿಸಿದರೂ ಒಡೆಯುವುದಿಲ್ಲ. ಅಮ್ಮನ ಪರೀಕ್ಷೆ ಮೀಟರಿಗಿಂತ ಮೊದಲೇ ಉತ್ತರ ಹೇಳಿತ್ತು. ನಾನು ಕೇಳಿಸಿಕೊಂಡಿರಲಿಲ್ಲ.

ಆ ದಿನಗಳಲ್ಲೇ ಶುದ್ಧೀಕರಣ ಯಂತ್ರ ಮಾರುವವನೊಬ್ಬ ಮನೆಗೆ ಬಂದ. ಎರಡು ಲೋಟ ಕೇಳಿದ, ಒಂದಕ್ಕೆ ನಮ್ಮ ನಲ್ಲಿ ನೀರು, ಇನ್ನೊಂದಕ್ಕೆ ತಾನು ತಂದ ನೀರು. ಎರಡಕ್ಕೂ ಕಡ್ಡಿಗಳಿದ್ದ ಪೆಟ್ಟಿಗೆ ಇಳಿಸಿ ಸ್ವಿಚ್ ಹಾಕಿದ. ನಿಮಿಷದಲ್ಲಿ ನಮ್ಮ ಲೋಟದ ನೀರು ಕಂದುಬಣ್ಣಕ್ಕೆ ತಿರುಗಿ ಕೆಸರು ಕೆಸರಾಯಿತು, ಅವನದು ಹಾಗೇ ಇತ್ತು. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆ ಕೆಸರು ನೀರಿನದಲ್ಲ, ಕಡ್ಡಿಯ ಕಬ್ಬಿಣದ್ದು. ಲವಣ ಇರುವ ನೀರಿನಲ್ಲಿ ವಿದ್ಯುತ್ ಹರಿಯುತ್ತದೆ, ಕಬ್ಬಿಣ ಕರಗಿ ತುಕ್ಕಾಗಿ ತೇಲುತ್ತದೆ. ಲವಣ ತೆಗೆದ ನೀರಿನಲ್ಲಿ ವಿದ್ಯುತ್ ಹರಿಯುವುದೇ ಇಲ್ಲ ಎನ್ನಬಹುದು. ಆ ಕಡ್ಡಿಗಳನ್ನು ಎಳನೀರಿಗೆ ಇಳಿಸಿದರೂ ಕೆಸರೇ ಬರುತ್ತದೆ. ವಯಸ್ಸಾದವರನ್ನು ಹೀಗೆ ಹೆದರಿಸಿ ಮಾರುವುದು ತಪ್ಪು, ಅವನಿಗೂ ಅದನ್ನೇ ಹೇಳಿ ಕಳಿಸಿದೆ. ನಮಗೆ ಯಂತ್ರ ಬೇಕಾಗಿದ್ದದ್ದು ನಿಜ. ಆದರೆ ಯಾವ ನೀರಿಗೆ, ಯಾರಿಗಾಗಿ, ಎಷ್ಟು ಎಂದು ತಿಳಿದುಕೊಂಡೇ ಕೂರಿಸಬೇಕು ಅನ್ನಿಸಿತು.

ಆರ್‌ಒ ಅಂದರೆ ಏನೆಂದು ಅಮ್ಮನಿಗೆ ಹೇಳಲು ಹೊರಟಾಗ ಅರ್ಧ ವಿಷಯ ಅವಳಿಗೇ ಗೊತ್ತಿತ್ತು. ಒಣದ್ರಾಕ್ಷಿಯನ್ನು ನೀರಿಗೆ ಹಾಕಿದರೆ ಉಬ್ಬುತ್ತದೆ. ಮಿಡಿಮಾವಿಗೆ ಉಪ್ಪು ಬೆರೆಸಿಟ್ಟರೆ ನಾಲ್ಕು ದಿನದಲ್ಲಿ ಮಿಡಿ ಸುಕ್ಕಾಗಿ ಭರಣಿಯ ತುಂಬ ನೀರು ಬಿಡುತ್ತದೆ. ಸಿಪ್ಪೆಯ ಆಚೆ ಈಚೆ, ಲವಣವೋ ಸಕ್ಕರೆಯೋ ಹೆಚ್ಚಿರುವ ಕಡೆಗೆ ನೀರು ಹೋಗುತ್ತದೆ. ಇದು ಅಭಿಸರಣ. ಉಪ್ಪು ಹೆಚ್ಚಿರುವ ಕಡೆಯಿಂದ ಒತ್ತಡ ಹಾಕಿ ನೀರನ್ನು ಹಿಂದಕ್ಕೆ ತಳ್ಳಿದರೆ, ಪೊರೆ ಉಪ್ಪನ್ನು ತಡೆದು ನೀರನ್ನಷ್ಟೇ ಬಿಡುತ್ತದೆ. ಇದು ಹಿಮ್ಮುಖ ಅಭಿಸರಣ, ಅದೇ ಆರ್‌ಒ. ಹೀಗೆ ಕೆಲಸಕ್ಕೆ ಬರುವ ಮೊದಲ ಪೊರೆಯನ್ನು 1959-60ರ ಸುಮಾರಿನಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಶಾಖೆಯಲ್ಲಿ ಮಾಡಿದವರು ಇಬ್ಬರು, ಸಿಡ್ನಿ ಲೋಬ್ ಮತ್ತು ಭಾರತದಲ್ಲಿ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಪಾವಗಡದಂಥ ಕಡೆ ಫ್ಲೋರೈಡಿನಿಂದ ಹಲ್ಲು ಮೂಳೆ ಕೆಟ್ಟ ಜನ ಇಂದು ಊರ ಶುದ್ಧ ನೀರಿನ ಘಟಕಕ್ಕೆ ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದರ ಹಿಂದೆ ಆ ಇಬ್ಬರ ಕೆಲಸ ಇದೆ.

ಮೀನಿನ ಮೈಯಲ್ಲೂ ಇದೇ ನಡೆಯುತ್ತಿರುತ್ತದೆ. ಸಿಹಿನೀರಿನ ಮೀನಿನ ರಕ್ತದಲ್ಲಿ ಸುತ್ತಲಿನ ನೀರಿಗಿಂತ ಲವಣ ಹೆಚ್ಚು. ಹಾಗಾಗಿ ಕಿವಿರಿನ ತೆಳು ಪೊರೆಯ ಮೂಲಕ ನೀರು ಹಗಲೂ ರಾತ್ರಿ ಒಳಗೆ ನುಗ್ಗುತ್ತಲೇ ಇರುತ್ತದೆ. ಅದು ನೀರು ಕುಡಿಯುವುದಿಲ್ಲ ಎನ್ನಬಹುದು. ಒಳಬಂದದ್ದನ್ನೆಲ್ಲ ತೆಳ್ಳಗಿನ ಮೂತ್ರವಾಗಿ ಹೊರಹಾಕುತ್ತದೆ, ಹೋದ ಲವಣವನ್ನು ಕಿವಿರಿನಿಂದ ಹೆಕ್ಕಿ ಹೆಕ್ಕಿ ಒಳಗೆ ತಂದುಕೊಳ್ಳುತ್ತದೆ. ಕಡಲ ಮೀನಿನದು ತದ್ವಿರುದ್ಧ: ಮೈಯ ನೀರು ಹೊರಗೆ ಹೋಗುತ್ತಿರುತ್ತದೆ, ಅದು ಉಪ್ಪುನೀರನ್ನೇ ಕುಡಿಯಬೇಕು. 210ರಲ್ಲಿ ನಡೆಯುತ್ತಿದ್ದ ಈ ತೂಕದ ಕೆಲಸವನ್ನು ನಾನು ಗಂಟೆಯೊಳಗೆ ಏಳುನೂರರ ಆಸುಪಾಸಿಗೆ ಏರಿಸಿದ್ದೆ. ನಿಯಾನ್ ಟೆಟ್ರಾದ ಮೂಲ ಅಮೆಜಾನ್ ಜಲಾನಯನದ ಮೃದು ನೀರು. ಸಾಕಣೆಯಲ್ಲಿ ಹುಟ್ಟಿದ ಮೀನು ಗಡಸು ನೀರಿಗೂ ಒಗ್ಗಬಲ್ಲದು, ಆದರೆ ಒಗ್ಗಲು ದಿನಗಳು ಬೇಕು.

ಕೊನೆಗೆ ಕೂರಿಸಿದ್ದು ಹೀಗೆ. ಓವರ್‌ಹೆಡ್ ಟ್ಯಾಂಕಿನಿಂದ ನಮ್ಮ ಮಹಡಿಗೆ ಇಳಿವು ನಾಲ್ಕೇ ಮೀಟರ್. ಹತ್ತು ಮೀಟರ್ ಎತ್ತರಕ್ಕೆ ಒಂದು ಬಾರ್ ಒತ್ತಡವಾದರೆ ನಾಲ್ಕಕ್ಕೆ ಅರ್ಧವೂ ಇಲ್ಲ, ಪೊರೆಗೆ ಅದರ ಹತ್ತುಪಟ್ಟು ಬೇಕು. ಹಾಗಾಗಿ ಬೂಸ್ಟರ್ ಪಂಪ್. ಅದಕ್ಕೂ ಮೊದಲು ಮರಳು ಮಣ್ಣು ಹಿಡಿಯುವ 5 ಮೈಕ್ರಾನಿನ ಫಿಲ್ಟರ್, ಆಮೇಲೆ ಇದ್ದಿಲಿನದು. ಇದ್ದಿಲು ಹಿಡಿಯುವ ಕ್ಲೋರಿನ್ ಮೂರು ಕಡೆ ಶತ್ರು: ಪೊರೆಯನ್ನು ತಿನ್ನುತ್ತದೆ, ಮೀನಿನ ಕಿವಿರು ಸುಡುತ್ತದೆ, ತೊಟ್ಟಿಯ ಸ್ಪಂಜಿನಲ್ಲಿ ಕೂತು ಮೀನಿನ ಅಮೋನಿಯವನ್ನು ಅರಗಿಸುವ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಪೊರೆಯಿಂದ ಹೊರಬಂದ ಕಾಲಿಂಚಿನ ಕೊಳವೆಗೆ ಟಿ ಹಾಕಿ ಎರಡು ದಾರಿ ಮಾಡಿದೆವು. ಒಂದು ದಾರಿ ಖನಿಜದ ಕಾರ್ಟ್ರಿಡ್ಜ್, ಅಲ್ಟ್ರಾವಯೊಲೆಟ್ ದೀಪ ದಾಟಿ ಕುಡಿಯುವ ನೀರಿಗೆ. ಇನ್ನೊಂದು 40 ಲೀಟರಿನ ಆಹಾರದರ್ಜೆ ಡ್ರಮ್ಮಿಗೆ, ಮೀನಿಗಾಗಿ. ಡ್ರಮ್ಮಿನ ಬಾಯಿಗೆ ತೇಲುಚೆಂಡಿನ ವಾಲ್ವ್, ತುಂಬಿದರೆ ತಾನೇ ಮುಚ್ಚಿಕೊಳ್ಳುತ್ತದೆ. ಕೊಳವೆಯನ್ನು ನೇರವಾಗಿ ಕತ್ತರಿಸದೆ ಓರೆಯಾಗಿ ಕತ್ತರಿಸಿದರೆ ಜೋಡಿಸಿದ ಕಡೆ ಹನಿಹನಿ ಸೋರುತ್ತದೆ. ಮೊದಲ ರಾತ್ರಿ ಟಾರ್ಚ್ ಹಿಡಿದು ಎಲ್ಲ ಕೀಲುಗಳ ಕೆಳಗೆ ಕಾಗದದ ಚೂರು ಇಟ್ಟು ನೋಡಿದೆವು, ಒಂದೇ ಕಡೆ ಒದ್ದೆಯಾಗಿತ್ತು. ಹೊಸ ಪೊರೆಗೆ ಕೆಡದಂತೆ ಹಾಕಿರುವ ರಾಸಾಯನಿಕ ತೊಳೆದುಹೋಗಲೆಂದು ಮೊದಲೆರಡು ಟ್ಯಾಂಕ್ ನೀರನ್ನು ಯಾರೂ ಬಳಸದೆ ಚೆಲ್ಲಿದೆವು.

ಡ್ರಮ್ಮಿನ ನೀರು 40 ತೋರಿಸಿತು. ಅಷ್ಟು ಶುದ್ಧವಾದ ನೀರೇ ಮೀನಿಗೆ ಅಪಾಯ. ಅದರಲ್ಲಿ ಹೆಕ್ಕಿಕೊಳ್ಳಲು ಲವಣವಿಲ್ಲ, ಆಮ್ಲತೆಯನ್ನು ತಡೆಹಿಡಿಯುವ ಕಾರ್ಬೊನೇಟ್ ಇಲ್ಲದೆ ಪಿಎಚ್ ಸಟಕ್ಕನೆ ಕುಸಿಯಬಹುದು. ಈಗ ಬೋರ್ ನೀರು 900 ಇರುವಾಗ, ಆರ್‌ಒ ನೀರು ನಾಲ್ಕು ಪಾಲು, ಬೋರ್ ಒಂದು ಪಾಲು ಬೆರೆಸುತ್ತೇನೆ: 210ರ ಹತ್ತಿರ ಬರುತ್ತದೆ. ಕಡಲ ಮೀನು ಸಾಕುವವರಾದರೆ ಪೊರೆ ದಾಟಿದ ಮೇಲೆ ಉಳಿದ ಲವಣವನ್ನೂ ಹಿಡಿಯುವ ಡಿಐ ರೆಸಿನ್ ಇಟ್ಟು ಸೊನ್ನೆಗೆ ಇಳಿಸಿ, ಆಮೇಲೆ ಸಮುದ್ರದ ಉಪ್ಪು ಬೆರೆಸುತ್ತಾರೆ. ಮೀಟರ್ ಹೇಳುವುದು ಲವಣದ ಲೆಕ್ಕ ಮಾತ್ರ, ರೋಗಾಣು ಅದಕ್ಕೆ ಕಾಣುವುದಿಲ್ಲ. ಕ್ಲೋರಿನ್ ತೆಗೆದ ನೀರು ಬೇಗ ಕೆಡುತ್ತದೆ, ಕುಡಿಯುವ ಟ್ಯಾಂಕನ್ನು ತೊಳೆಯುವ ದಿನವನ್ನು ಅದಕ್ಕೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿದ್ದೇನೆ.

ಮನಸ್ಸಿಗೆ ಹಿಡಿಸದ ಒಂದು ಸಂಗತಿ ಉಳಿಯಿತು. ಒಂದು ಲೀಟರ್ ಶುದ್ಧ ನೀರಿಗೆ ಮೂರು ಲೀಟರ್ ಚರಂಡಿಗೆ. ಊರೆಲ್ಲ ಕೊಡ ಹಿಡಿದು ಸಾಲುನಿಂತಿದ್ದ ತಿಂಗಳಲ್ಲಿ ಆ ಕೊಳವೆಯ ಹರಿವನ್ನು ನೋಡುವುದೇ ಕಷ್ಟವಾಗಿತ್ತು. 900ರ ನೀರು ಒಳಗೆ ಹೋದರೆ ಹೊರಗೆ ಬರುವುದು 1180ರಷ್ಟು ಗಡಸು. ಗಿಡಕ್ಕೆ ಹಾಕಿದರೆ ಕುಂಡದ ಮಣ್ಣಿನ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಆ ನೀರನ್ನು ಬೇರೊಂದು ಡ್ರಮ್ಮಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸುತ್ತೇವೆ. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ಬೇಡವೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿತು, ಅದು ಸರಿಯಾದ ಮಾತು. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ದೂರ ಪಂಪ್ ಮಾಡಿ ಎತ್ತಿ ತಂದ ಕಾವೇರಿಯ ಮುಕ್ಕಾಲು ಪಾಲನ್ನು ಮೋರಿಗೆ ಬಿಡುವುದು ಅನ್ಯಾಯ. ಆದ್ದರಿಂದ ನಮ್ಮಲ್ಲಿ ಒಂದು ಬೈಪಾಸ್ ವಾಲ್ವ್ ಇದೆ. ಕಾವೇರಿ ಬಂದ ದಿನ ಅದನ್ನು ತಿರುಗಿಸುತ್ತೇವೆ: ಫಿಲ್ಟರ್, ಇದ್ದಿಲು, ದೀಪ ಅಷ್ಟೇ, ಪೊರೆಗೆ ರಜೆ. ಮೀನಿಗೂ ಅದೇ ನೀರು.

ಆ ವಾಲ್ವ್ ತಿರುಗಿಸುವ ಕೆಲಸ ಈಗ ಅಮ್ಮನದು. ಬೆಳಿಗ್ಗೆ ಮೀಟರ್ ಅದ್ದಿ, "ಇವತ್ತು ಇನ್ನೂರ ಐದು" ಎಂದು ಹೇಳಿಯೇ ಕಾಫಿಗೆ ನೀರಿಡುತ್ತಾಳೆ. ಒಮ್ಮೆ ಮೀನಿನ ಡ್ರಮ್ಮಿನ ನೀರನ್ನು ತಾಮ್ರದ ಕೊಡದಲ್ಲಿ ತುಂಬಿ ತೊಟ್ಟಿಗೆ ಹೊತ್ತು ತಂದಳು, ಮೀನಿಗೂ ಒಳ್ಳೆಯದಾಗಲಿ ಎಂದು. ಮೃದು ನೀರು ತಾಮ್ರವನ್ನು ಕರಗಿಸಿಕೊಳ್ಳುತ್ತದೆ, ನಮಗೆ ತೊಂದರೆ ಕೊಡದಷ್ಟು ತಾಮ್ರವೂ ಮೀನಿನ ಕಿವಿರಿಗೆ ವಿಷ ಎಂದೆ. ಅವಳು ಕೊಡವನ್ನು ಹಾಗೇ ಹಿಂದಕ್ಕೆ ಒಯ್ದು, ಆ ನೀರಲ್ಲಿ ಬೇಳೆಗೆ ಎಸರಿಟ್ಟಳು.

ಕಳೆದ ತಿಂಗಳು ಐದು ಹೊಸ ಟೆಟ್ರಾ ತಂದೆವು. ಅಂಗಡಿಯ ಪೊಟ್ಟಣದ ನೀರು 480, ನಮ್ಮ ತೊಟ್ಟಿಯದು 215. ಪೊಟ್ಟಣವನ್ನು ಬಟ್ಟಲಿಗೆ ಸುರಿದು, ತೊಟ್ಟಿಯಿಂದ ಸಣ್ಣ ಕೊಳವೆಯಲ್ಲಿ ನೀರು ಇಳಿಬಿಟ್ಟು, ಕೊಳವೆಗೆ ಗಂಟು ಹಾಕಿ ಸೆಕೆಂಡಿಗೆ ಎರಡು ಹನಿಯ ಹಾಗೆ ಮಾಡಿದೆ. ಅಮ್ಮ ಮಣೆ ಹಾಕಿಕೊಂಡು ಬಟ್ಟಲಿನ ಪಕ್ಕ ಕೂತಳು. ಹನಿ ಜೋರಾದರೆ ಗಂಟು ಬಿಗಿದಳು, ನಿಧಾನವಾದರೆ ಸಡಿಲಿಸಿದಳು. "ಅವಸರ ಮಾಡಬೇಡ, ಅವಕ್ಕೆ ಅಭ್ಯಾಸ ಆಗ್ಲಿ" ಅಂದಳು. ಎರಡು ಗಂಟೆ ಕಳೆಯಿತು. ಮೀಟರ್ 260ಕ್ಕೆ ಇಳಿದಾಗ ಜಾಲರಿಯಲ್ಲಿ ಒಂದೊಂದನ್ನೇ ಎತ್ತಿ ಬಿಟ್ಟೆವು. ಹಳೆಯ ಮೂರು ಮೀನು ಗಿಡದ ಮರೆಯಿಂದ ಹೊರಬಂದು ಹೊಸವುಗಳ ಜೊತೆ ಸೇರಿದವು. ಸ್ವಲ್ಪ ಹೊತ್ತಿಗೆ ಎಂಟೂ ಒಂದೇ ದಿಕ್ಕಿಗೆ ಮುಖಮಾಡಿ ಈಜುತ್ತಿದ್ದವು, ನೀಲಿ ಗೆರೆ ಸ್ಪಷ್ಟವಾಗಿ ಹೊಳೆಯುತ್ತಿತ್ತು.